ಸುತ್ತಿಗೆ ಗುರುತಿನ ನೂರ ಹತ್ತು ನಿಮಿಷ

ಆಗಸ್ಟ್ 14, ಬುಧವಾರ. ಮಧ್ಯಾಹ್ನ 1 ಗಂಟೆ 20 ನಿಮಿಷಕ್ಕೆ ಗ್ರಾನ್‌ವಿಕ್ ಠಾಣೆಯ ಫೋನ್ ಬಡಿದುಕೊಂಡಿತು. ಎತ್ತಿಕೊಂಡವನು ಕಾನ್‌ಸ್ಟೆಬಲ್ ತೋರ್ಕೆಲ್. ಆ ಕಡೆಯವನ ಸ್ವೀಡಿಷ್‌ನಲ್ಲಿ ಫಿನ್ನಿಷ್ ಎಳೆತವಿತ್ತು.

"ಲಾರೀಲಿ ಹುಲಿ ಇತ್ತು. ಈಗ ಇಲ್ಲ."

"ಕುಡಿದಿದ್ದೀಯೇನು?"

"ಇಲ್ಲ. ಕುಡಿದಿದ್ರೇ ಚೆನ್ನಾಗಿರ್ತಿತ್ತು."

ತೋರ್ಕೆಲ್ ನಗಲು ಹೋಗಿ, ನಗದೆ, ಫೋನನ್ನು ಇನ್ಸ್‌ಪೆಕ್ಟರ್ ಇಂಗೆರ್ಡ್ ಸ್ಟೆನ್‌ವಾಲ್‌ಗೆ ಕೊಟ್ಟ. ಠಾಣೆಯಲ್ಲಿ ಇದ್ದವರೇ ಅವರಿಬ್ಬರು. ಇಂಗೆರ್ಡ್ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಕರಡಿ ಕಂಡಿದ್ದಳು, ಕಾರಿಗೆ ಸಿಕ್ಕು ಕಾಲು ಮುರಿದ ಕಡವೆಗಳನ್ನು ಕಂಡಿದ್ದಳು. ಹುಲಿ ಎಂಬ ಪದವನ್ನು ದೂರಿನ ಪುಸ್ತಕದಲ್ಲಿ ಬರೆದದ್ದು ಇದೇ ಮೊದಲು.

ಇ-45 ಹೆದ್ದಾರಿಯ ಪಕ್ಕ, ಊರಿನಿಂದ ಎರಡು ಕಿಲೋಮೀಟರ್ ದೂರದಲ್ಲಿ ಲಾರಿಗಳು ತಂಗುವ ಜಾಗವಿದೆ. 1:38ಕ್ಕೆ ಇಬ್ಬರೂ ಅಲ್ಲಿದ್ದರು. ಬಿಳಿ ಲಾರಿಯ ಹಿಂಬಾಗಿಲು ತೆರೆದಿತ್ತು. ಒಳಗೆ ಕಬ್ಬಿಣದ ಬೋನು, ಅದರ ಅಗಳಿ ಪಕ್ಕಕ್ಕೆ ಸರಿದಿತ್ತು. ಡ್ರೈವರ್ ತೌನೊ ರೌಹಲ, ಐವತ್ತೆಂಟರ ದಪ್ಪ ಆಳು, ಬಂಪರಿಗೆ ಒರಗಿ ನಿಂತಿದ್ದ. ಮೊಣಕೈವರೆಗೆ ತೋಳು ತೊಳೆದುಕೊಂಡಿದ್ದ, ಇನ್ನೂ ಒದ್ದೆಯಾಗಿತ್ತು.

"ಎಲ್ಲಿಂದ ಎಲ್ಲಿಗೆ?" ಇಂಗೆರ್ಡ್ ಕೇಳಿದಳು.

"ಉತ್ತರದಲ್ಲಿ ಒಂದು ಸಣ್ಣ ಪ್ರಾಣಿಧಾಮ ಮುಚ್ತಾ ಇದೆ. ಅಲ್ಲಿಂದ ಡೆನ್ಮಾರ್ಕ್‌ಗೆ. ಹೆಣ್ಣು ಹುಲಿ. ಏಳು ವರ್ಷ. ಹೆಸರು ತೈಗಾ."

"ಕೊನೇಸಲ ನೋಡಿದ್ದು?"

"ಒಂದು ಗಂಟೆಗೆ. ನೀರು ಕೊಡೋಕೆ ಬಾಗಿಲು ತೆಗೆದೆ. ಅಗಳಿ ಸರಿಯಾಗಿ ಬೀಳಲಿಲ್ಲ ಅನ್ಸುತ್ತೆ. ಕಾಫಿ ಕುಡಿದು ಬರೋಷ್ಟರಲ್ಲಿ ಇರಲಿಲ್ಲ."

"ಯಾವ ಕಡೆ ಹೋಯ್ತು?"

ತೌನೊ ಕಾಡಿನತ್ತ ಕೈ ತೋರಿಸಿದ. ಎಲ್ಲ ಕಡೆಯೂ ಕಾಡೇ ಇತ್ತು.

ಸ್ಥಳ ಪಂಚನಾಮೆ ಬರೆಯಲು ತೋರ್ಕೆಲ್ ಲಾರಿಯೊಳಗೆ ಹತ್ತಿದ. ಲಾರಿಯ ಮುಚ್ಚಿದ ಪೆಟ್ಟಿಗೆಗೆ ಗಾಳಿ ಹಾಯಿಸುವ ಚಾವಣಿಯ ಫ್ಯಾನು ಒಂದೇ ಸಮನೆ ಮೊರೆಯುತ್ತಿತ್ತು, ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಒಳಗೆ ಕಟುವಾದ ಮೃಗದ ವಾಸನೆ. ನೀರಿನ ಬೋಗುಣಿ ಒಣಗಿತ್ತು. ಮೂಲೆಯಲ್ಲಿ ಮಡಚಿಟ್ಟ ಟಾರ್ಪಾಲು, ಅದರ ಮೇಲೆ ಒಂದು ಸಲಿಕೆ.

"ಇದನ್ನ ಸ್ವಲ್ಪ ಆರಿಸ್ತೀಯಾ?" ಎಂದು ತೋರ್ಕೆಲ್ ಕೂಗಿದ.

"ಬೇಡ," ಎಂದ ತೌನೊ. ದನಿ ಏರಿಸದೆ ಅಂದದ್ದು ಇಂಗೆರ್ಡ್‌ಗೆ ಮಾತ್ರ ಕೇಳಿಸಿತು.

2:05ಕ್ಕೆ ಊರಿಗೆಲ್ಲ ಎಚ್ಚರಿಕೆಯ ಸಂದೇಶ ಹೋಯಿತು. ಒಂಬೈನೂರು ಜನರ ಊರು. ಅರಿವಳಿಕೆ ಮದ್ದು ಹಾರಿಸುವ ಪಶುವೈದ್ಯರು ಬರಲು ಮೂರೂವರೆ ಗಂಟೆ ಬೇಕು. ಹೆಲಿಕಾಪ್ಟರ್ ದಕ್ಷಿಣದಲ್ಲೆಲ್ಲೋ ಕಾಡ್ಗಿಚ್ಚು ಆರಿಸುತ್ತಿತ್ತು. ಇಂಗೆರ್ಡ್ ಪೇಟೆಯ ಬೀದಿಯಲ್ಲಿ ಕಾರು ಓಡಿಸಿದಾಗ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಇಪ್ಪತ್ತೊಂಬತ್ತು ಡಿಗ್ರಿ ಬಿಸಿಲು, ಆ ಊರು ಅಷ್ಟು ಸೆಕೆ ಕಂಡದ್ದು ಕಡಿಮೆ. ಯಾರದೋ ಅಂಗಳದಲ್ಲಿ ನೀರು ಚಿಮುಕಿಸುವ ಸ್ಪ್ರಿಂಕ್ಲರು ಹುಲ್ಲಿನ ಮೇಲೆ ಸುಮ್ಮನೆ ತಿರುಗುತ್ತಿತ್ತು. ಕತ್ತಲಲ್ಲಿ ಹುಟ್ಟುವ ಭಯ ಅವಳಿಗೆ ಗೊತ್ತಿತ್ತು. ಇಷ್ಟು ಬೆಳಕಿನಲ್ಲಿ, ಎಲ್ಲವೂ ಕಾಣುತ್ತಿರುವಾಗ, ಕಾಣಬೇಕಾದ್ದೊಂದೇ ಕಾಣದ ಈ ಭಯ ಹೊಸದು.

2:40ಕ್ಕೆ ಎರಡು ಸುದ್ದಿ ಒಟ್ಟಿಗೇ ಬಂದವು. ಬರಬೇಡಿ ಎಂದು ಹೇಳಿದ್ದರೂ ಊರಿನ ಬೇಟೆ ತಂಡದ ಹನ್ನೊಂದು ಮಂದಿ ಬಂದೂಕು ಹಿಡಿದು ಕಾಡಿಗೆ ಇಳಿದಿದ್ದರು. ಇನ್ನೊಂದು ಸುದ್ದಿ ತಂದವಳು ವಿಲೈ. ಥಾಯ್ಲೆಂಡಿನಿಂದ ಬೇಸಿಗೆಗೆ ಕಾಡಿನ ಗಿಡ್ಡ ಪೊದೆಗಳ ಬೆರಿ ಹಣ್ಣು ಕೀಳಲು ಬರುವ ಕೂಲಿಗಳಿಗೆ ಹಳೆಯ ಶಾಲೆಯಲ್ಲಿ ಅಡುಗೆ ಮಾಡುವವಳು. ಏಪ್ರನ್ ಕಟ್ಟಿಕೊಂಡೇ ಠಾಣೆಗೆ ಓಡಿಬಂದಿದ್ದಳು.

"ನಮ್ಮೋರು ಇಪ್ಪತ್ಮೂರು ಜನ ಕಾಡೊಳಗಿದಾರೆ. ಬೆಳಗ್ಗೆ ನಾಲ್ಕಕ್ಕೇ ಹೋದೋರು. ಅಲ್ಲಿ ಫೋನ್ ಹತ್ತಲ್ಲ."

ಇಂಗೆರ್ಡ್ ಪೆನ್ನು ಎತ್ತಿಕೊಂಡಳು. ಒಂಬೈನೂರು ಜನರನ್ನು ಲೆಕ್ಕ ಹಾಕುವಾಗ ಈ ಇಪ್ಪತ್ತಮೂರು ಅವಳ ನೆನಪಿಗೇ ಬಂದಿರಲಿಲ್ಲ.

"ಎಷ್ಟೊತ್ತಿಗೆ ಬರ್ತಾರೆ?"

"ಆರು ಗಂಟೆಗೆ. ಕಾರು ನಿಲ್ಲಿಸಿದ ಕಡೆಗೆ. ನನ್ನ ಗಂಡ ಸಮ್ರಾನ್ ಕೂಡ ಅವರ ಜೊತೆ ಇದಾನೆ."

"ಏನು ಬಟ್ಟೆ ಹಾಕಿದಾರೆ?"

"ಕಂಪನಿ ಕೊಟ್ಟ ಜಾಕೆಟ್ಟು. ಹಳದಿ." ವಿಲೈ ತಡೆದು ಸೇರಿಸಿದಳು. "ಕಿತ್ತಳೆ ಥರದ ಹಳದಿ. ಎಲ್ಲರೂ ಕೂತ್ಕೊಂಡೇ ಕೀಳೋದು."

ತೋರ್ಕೆಲ್ ತಲೆ ಎತ್ತಿ ಇಂಗೆರ್ಡ್‌ಳನ್ನು ನೋಡಿದ. ಪೊದೆಯಲ್ಲಿ ಕುಕ್ಕರುಗಾಲಲ್ಲಿ ಕೂತ ಹಳದಿ ಬೆನ್ನು, ಬೆದರಿದ ಹನ್ನೊಂದು ಬಂದೂಕು. ಆ ಹನ್ನೊಂದರಲ್ಲಿ ಒಂದು ತೋರ್ಕೆಲ್‌ನ ಅಣ್ಣನದು.

3:10. ರಸ್ತೆಯಲ್ಲಿ ಗಾಯಗೊಂಡು ಓಡಿದ ಪ್ರಾಣಿಗಳ ಜಾಡು ಹಿಡಿಯಲು ಪೊಲೀಸರು ಕರೆಸುವ ಗುನ್ವೋರ್ ಎಂಬ ಅರವತ್ತರ ಬೇಟೆಗಾರ್ತಿ, ತನ್ನ ಬೂದು ನಾಯಿಯೊಂದಿಗೆ ಲಾರಿ ಬಳಿ ಬಂದಳು. ನಾಯಿಯ ಹೆಸರು ತುಸ್ಸೆ. ಬೋನಿನ ಹುಲ್ಲನ್ನು ಮೂಸಿದೊಡನೆ ಅದರ ಬೆನ್ನಗೂದಲು ನಿಮಿರಿತು, ಬಾಲ ಕಾಲ ನಡುವೆ ಸೇರಿತು.

"ನಿಂಗೂ ಹೆದರಿಕೆ ಆಯ್ತೇನೋ ಮುದುಕಪ್ಪ," ಎಂದು ಗುನ್ವೋರ್ ಅದರ ಕಿವಿ ಹಿಂಡಿದಳು. "ನಡಿ, ಕೆಲಸ ಮಾಡು."

ತುಸ್ಸೆ ಲಾರಿಯನ್ನು ಒಂದು ಸುತ್ತು ಬಂತು. ಎರಡು, ಮೂರು. ರಸ್ತೆ ಬದಿಯ ಹುಲ್ಲು, ಚರಂಡಿ, ಮರಗಳ ಅಂಚು ಎಲ್ಲ ಮೂಸಿ ಬಂದು, ಮತ್ತೆ ಲಾರಿಯ ಹಿಂಬದಿಯಲ್ಲಿ ಕೂತುಬಿಟ್ಟಿತು.

"ಹುಲಿ ಇಲ್ಲಿ ಇಳಿದೇ ಇಲ್ಲ," ಎಂದಳು ಗುನ್ವೋರ್.

"ನಿನ್ನ ನಾಯಿ ಜನ್ಮದಲ್ಲಿ ಹುಲಿ ಮೂಸಿದ್ಯಾ?"

"ನನ್ನ ಗಂಡ ತೀರ್ಕೊಳ್ಳೋ ಮುಂಚೆ ಅದು ಸಾವನ್ನೂ ಮೂಸಿರಲಿಲ್ಲ, ಇಂಗೆರ್ಡ್. ಆದ್ರೂ ಅವತ್ತು ಕೋಣೆ ಒಳಗೆ ಬರಲಿಲ್ಲ."

ಇಂಗೆರ್ಡ್ ತೌನೊನತ್ತ ತಿರುಗಿದಳು. ಅವನು ನಾಯಿಯನ್ನೇ ನೋಡುತ್ತಿದ್ದ.

ಆದರೆ ನಾಯಿಯ ಮಾತು ನಂಬಿ ಹುಲಿ ಇಲ್ಲವೆಂದು ಸಾರುವುದು ಹೇಗೆ? ತಪ್ಪಿದರೆ, ಬಾಗಿಲು ತೆರೆದು ಹೊರಬರುವ ಮೊದಲ ಮಗುವಿನ ಹೊಣೆ ತನ್ನದು. ಸುಮ್ಮನಿದ್ದರೆ ಆರು ಗಂಟೆಗೆ ಹಳದಿ ಜಾಕೆಟ್ಟುಗಳು ಎದ್ದು ನಡೆಯತೊಡಗುತ್ತವೆ. ಕಾರಿನ ಬಳಿ ಹೋಗಿ, ತಂಡದ ವೈರ್‌ಲೆಸ್ಸಿನಲ್ಲಿ ಅವಳು ಹಣ್ಣು ಕೀಳುವವರ ವಿಷಯ ಎರಡು ಸಲ ಹೇಳಿದಳು. ಐದು ಮಂದಿ ಉತ್ತರ ಕೊಟ್ಟರು. ಉಳಿದ ಆರು ಮಂದಿ ಸಿಗ್ನಲ್ ಸಿಗದ ತಗ್ಗಿನಲ್ಲಿದ್ದರೋ, ಕಿವಿಗೊಡಲಿಲ್ಲವೋ.

ಅಷ್ಟರಲ್ಲಿ ಪ್ರಾಣಿಧಾಮದ ಮಾರಿತ್ ಎಂಬಾಕೆಯ ಫೋನು. ತೈಗಾಳನ್ನು ಮರಿಯಿಂದ ಬಾಟಲಿ ಹಾಲು ಕೊಟ್ಟು ಸಾಕಿದವಳು. ಆಗಲೇ ಕಾರಿನಲ್ಲಿ ಹೊರಟಿದ್ದಳು.

"ಗುಂಡು ಹಾರಿಸ್ಬೇಡಿ. ನಾನು ಕೂಗಿದ್ರೆ ಬರ್ತಾಳೆ. ಕಾಡಿಗೆ ನಾನೇ ಹೋಗ್ತೀನಿ. ಅವಳು ಗುಡುಗಿಗೇ ಹೆದರ್ತಾಳೆ, ಗೊತ್ತಾ ನಿಮಗೆ?"

ಇಂಗೆರ್ಡ್ ಫೋನಿನ ಸ್ಪೀಕರ್ ಹಾಕಿದ್ದಳು. ಆ ದನಿ ಬಂದೊಡನೆ ತೌನೊ ಎದ್ದು, ಲಾರಿಯ ಆಚೆ ಬದಿಗೆ ಹೋಗಿ ನಿಂತ.

4:35. ತೋರ್ಕೆಲ್ ಠಾಣೆಗೆ ಬರುವ ಮೊದಲು ನಾಲ್ಕು ವರ್ಷ ಹೆದ್ದಾರಿಯಲ್ಲಿ ಲಾರಿ ತಪಾಸಣೆ ಮಾಡಿದವನು. ಡ್ರೈವರ್ ಎಷ್ಟು ಹೊತ್ತು ಓಡಿಸಿದ, ಎಷ್ಟು ಹೊತ್ತು ಮಲಗಿದ ಎಂದು ದಾಖಲಿಸುವ ಯಂತ್ರ ಪ್ರತಿ ಲಾರಿಯಲ್ಲೂ ಇರುತ್ತದೆ. ಬೇರೆ ಏನೂ ತೋಚದೆ ಅವನು ಅದರ ಗುಂಡಿ ಒತ್ತಿದ. ರಸೀತಿಯಂಥ ಉದ್ದನೆಯ ಕಾಗದ ಸುರುಳಿ ಸುರುಳಿಯಾಗಿ ಹೊರಬಂತು. ಅದನ್ನು ಕಾರಿನ ಬಾನೆಟ್ಟಿನ ಮೇಲೆ ಹರಡಿ ಇಬ್ಬರೂ ಬಗ್ಗಿದರು.

"ನಿನ್ನೆ ರಾತ್ರಿ 10:05ರಿಂದ ಬೆಳಗ್ಗೆ 9:05, ಮಂಚದ ಗುರುತು. ವಿಶ್ರಾಂತಿ. ಸರಿ ಇದೆ. ಆಮೇಲೆ ಚಕ್ರದ ಗುರುತು, ಓಡಿಸಿದಾನೆ, ಮೂವತ್ತೊಂದು ಕಿಲೋಮೀಟರ್. ಆಮೇಲೆ…" ತೋರ್ಕೆಲ್‌ನ ಬೆರಳು ನಿಂತಿತು. "9:50ರಿಂದ 11:40. ಸುತ್ತಿಗೆ."

"ಅಂದ್ರೆ?"

"ಬೇರೆ ಕೆಲಸ. ಸರಕು ಏರಿಸೋದು, ಇಳಿಸೋದು."

"ನಿಂತಿದ್ದ ಅಷ್ಟೇ ಇರಬೋದಲ್ಲ?"

"ಇಲ್ಲ ಇಂಗೆರ್ಡ್. ಗಾಡಿ ನಿಂತ ತಕ್ಷಣ ಯಂತ್ರ ತಾನಾಗೇ ಸುತ್ತಿಗೆ ಹಾಕುತ್ತೆ. ಗುಂಡಿ ಒತ್ತಿ ಅದನ್ನ ಮಂಚ ಮಾಡೋದು ಡ್ರೈವರು. ಉಚ್ಚೆಗೆ ಇಳಿದ್ರೂ ಒತ್ತುತಾರೆ, ಅದು ಅವರ ಉಸಿರಾಟ ಇದ್ದ ಹಾಗೆ. ಇವನೇ ನೋಡು, ನಿನ್ನೆ ನಾಲ್ಕು ನಿಮಿಷ ನಿಂತಿದ್ದಕ್ಕೂ ಮಂಚ. ಇಲ್ಲಿ ನೂರ ಹತ್ತು ನಿಮಿಷ ಸುತ್ತಿಗೆ."

ಒಂದೇ ಸರಕು ಇದ್ದ ಲಾರಿ. ಡೆನ್ಮಾರ್ಕ್‌ವರೆಗೆ ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಟಾರ್ಪಾಲು, ಸಲಿಕೆ, ಒಣಗಿದ ಬೋಗುಣಿ, ತೊಳೆದ ತೋಳು.

ಇಂಗೆರ್ಡ್ ಕಾಗದ ಹಿಡಿದುಕೊಂಡು ಲಾರಿಯ ಆಚೆ ಬದಿಗೆ ಹೋದಳು. ತೌನೊ ಮೆಟ್ಟಿಲ ಮೇಲೆ ಕೂತಿದ್ದ. ಅವಳೂ ಎದುರಿಗೆ ಒಂದು ಕಲ್ಲಿನ ಮೇಲೆ ಕೂತಳು. ಹೊತ್ತು 4:48.

"ಬೆಳಗ್ಗೆ ಮೂವತ್ತೊಂದು ಕಿಲೋಮೀಟರ್ ಓಡಿಸಿ ಎಲ್ಲಿ ನಿಂತ್ರಿ?"

ತೌನೊ ಅಂಗಿಯ ತೋಳನ್ನು ಕೆಳಗಿಳಿಸಿಕೊಂಡ.

"ಅಲ್ಲೇನು ಕೆಲಸ ಮಾಡಿದ್ರಿ?"

ಫ್ಯಾನು ಮೊರೆಯುತ್ತಿತ್ತು. ಅವಳು ಮತ್ತೆ ಕೇಳಲಿಲ್ಲ. ಕೆಲವು ಬಾಯಿಗಳನ್ನು ಪ್ರಶ್ನೆ ಮುಚ್ಚುತ್ತದೆ, ಮೌನ ತೆರೆಯುತ್ತದೆ. ಆದರೆ ಮೌನಕ್ಕೆ ಹೊತ್ತು ಬೇಕು, ಅವಳ ಹತ್ತಿರ ಹೊತ್ತಿರಲಿಲ್ಲ. ತಗ್ಗಿದ ದನಿಯಲ್ಲಿ ಅಂದಳು:

"ತೌನೊ, ಕಾಡಲ್ಲಿ ಇಪ್ಪತ್ತಮೂರು ಜನ ಇದಾರೆ. ಹಳದಿ ಜಾಕೆಟ್ಟು. ಬಂದೂಕು ಹಿಡಿದೋರು ಹನ್ನೊಂದು ಜನ."

ಅವನು ತಲೆ ಎತ್ತಿದ. ಈ ಮಾತನ್ನು ಅವನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

"ಜಲ್ಲಿ ಕ್ವಾರಿ," ಎಂದ. "ಸತ್ತಿದ್ಲು. ಅಲ್ಲೇ ಹೂತೆ. ಕಾಡಲ್ಲಿ ಏನೂ ಇಲ್ಲ. ಅವರನ್ನ ವಾಪಸ್ ಕರೀರಿ."

ಇಂಗೆರ್ಡ್ ಸೊಂಟದಿಂದ ವೈರ್‌ಲೆಸ್ ಕಿತ್ತುಕೊಂಡಳು. "ಎಲ್ಲರಿಗೂ. ಹುಲಿ ಇಲ್ಲ. ಬಂದೂಕು ಇಳಿಸಿ. ಮತ್ತೆ ಹೇಳ್ತೀನಿ, ಹುಲಿ ಇಲ್ಲ—"

ಗುಂಡಿನ ಸದ್ದು ಅಷ್ಟು ದೂರದಿಂದ ಕೊಂಬೆ ಮುರಿದಂತೆ ಕೇಳಿಸಿತು. ತುಸ್ಸೆ ಎದ್ದು ನಿಂತಿತು. ವೈರ್‌ಲೆಸ್ಸಿನಲ್ಲಿ ಗರಗರ ಮಾತ್ರ. ಒಂದು ನಿಮಿಷ. ತೋರ್ಕೆಲ್‌ನ ತುಟಿ ಏನನ್ನೋ ಎಣಿಸುತ್ತಿತ್ತು. ಎರಡನೆಯ ನಿಮಿಷ ಮುಗಿಯುವ ಹೊತ್ತಿಗೆ ಒಂದು ದನಿ ಬಂತು. ತೋರ್ಕೆಲ್‌ನ ಅಣ್ಣನದು.

"ಮನುಷ್ಯ… ಅಯ್ಯೋ ದೇವರೇ, ಇದು ಮನುಷ್ಯ ಕಣ್ರೋ. ಹಳದಿ ಅಲ್ಲಾಡ್ತು, ನಾನು… ಉಸಿರಾಡ್ತಾ ಇದಾನೆ. ಬೇಗ ಬನ್ನಿ."

ಸಮ್ರಾನ್‌ನ ಎಡತೋಳಿನ ಮಾಂಸ ಹರಿದು ಗುಂಡು ಆಚೆ ಹೋಗಿತ್ತು. ಇನ್ನು ಒಂದು ಗೇಣು ಈಚೆ ಬಂದಿದ್ದರೆ ಎದೆ. 5:40ಕ್ಕೆ ಆಂಬುಲೆನ್ಸ್ ಬಂದಾಗಲೂ ಅವನ ಬೆರಳುಗಳು ಹಣ್ಣಿನ ರಸದಿಂದ ನೀಲಿಯಾಗಿದ್ದವು. ಸ್ಟ್ರೆಚರಿನ ಪಕ್ಕ ಓಡುತ್ತ ವಿಲೈ ಇಂಗೆರ್ಡ್‌ಳ ತೋಳು ಹಿಡಿದು ನಿಲ್ಲಿಸಿದಳು.

"ಹುಲಿ ಸಿಕ್ತಾ?"

"ಹುಲಿ ಇರಲೇ ಇಲ್ಲ, ವಿಲೈ."

ವಿಲೈ ಅವಳ ಮುಖವನ್ನೇ ನೋಡಿದಳು, ಆಮೇಲೆ ಕೈ ಬಿಟ್ಟಳು. ಅವಳು ಬೈದಿದ್ದರೆ ಸಹಿಸಬಹುದಿತ್ತು ಎಂದು ಇಂಗೆರ್ಡ್‌ಗೆ ಅನ್ನಿಸಿತು. ತೋರ್ಕೆಲ್ ತನ್ನ ಅಣ್ಣನ ಬಂದೂಕನ್ನು ತಾನೇ ಜಪ್ತಿ ಮಾಡಿ, ತಾನೇ ಚೀಟಿ ಬರೆದ. ಅಣ್ಣನ ಮೇಲೆ ಬೇರೆಯೇ ಪ್ರಕರಣ ದಾಖಲಾಯಿತು.

ಸಂಜೆ 7:15. ಕ್ವಾರಿಯಲ್ಲಿ ಪಶುವೈದ್ಯರ ಸಮಕ್ಷಮ ಪಂಚನಾಮೆ ನಡೆಯಿತು. ಜಲ್ಲಿಯ ದಿಬ್ಬವನ್ನು ಕಡಿದು ಕೆಡವಿದ ಗುರುತು ಸ್ಪಷ್ಟವಾಗಿತ್ತು. ಎರಡಡಿ ತೆಗೆದಾಗ ಪೈನ್ ಕೊಂಬೆಗಳು ಕಂಡವು. ನೀಟಾಗಿ, ಒಂದರ ಪಕ್ಕ ಒಂದು ಹಾಸಿದ್ದವು. ಅವುಗಳ ಕೆಳಗೆ ತೈಗಾ. ಮೈಮೇಲೆ ಗಾಯವಿರಲಿಲ್ಲ. ಮಾರಿತ್ ಆಗ ತಾನೇ ಬಂದು ಮುಟ್ಟಿದ್ದಳು. ಯಾರೂ ಅವಳನ್ನು ತಡೆಯಲಿಲ್ಲ. ಮಂಡಿಯೂರಿ ಕೂತು, ಹುಲಿಯ ಕಿವಿಯೊಳಗಿನ ಮರಳನ್ನು ಕಿರುಬೆರಳಿನಿಂದ ತೆಗೆದಳು.

8:30ಕ್ಕೆ ತೌನೊ ರೌಹಲನ ಬಂಧನ ದಾಖಲಾಯಿತು. ಪ್ರಾಣಿಯ ಸಾವಿಗೆ ಕಾರಣವಾದ ನಿರ್ಲಕ್ಷ್ಯ, ಸುಳ್ಳು ದೂರು, ಸಾರ್ವಜನಿಕರ ಪ್ರಾಣಕ್ಕೆ ಅಪಾಯ. ಅವನು ಎಲ್ಲದಕ್ಕೂ ತಲೆಯಾಡಿಸಿದ. ಹೇಳಿಕೆ ಚಿಕ್ಕದು.

"ರಾತ್ರಿಯೆಲ್ಲ ಆ ಫ್ಯಾನು ತಲೆ ಮೇಲೆ ಮೊರೀತಿತ್ತು. ಬೆಳಗಿನ ಜಾವ ತಂಪಾಗಿತ್ತಲ್ಲ, ಒಂದು ಗಂಟೆ ನಿದ್ದೆ ಮಾಡೋಣ ಅಂತ ಆರಿಸ್ದೆ. ಎಚ್ಚರ ಆದಾಗ ಒಂಬತ್ತು. ಬಿಸಿಲು ಪೂರ್ತಿ ಪೆಟ್ಟಿಗೆ ಮೇಲಿತ್ತು."

"ಆಗಲೇ ಫೋನ್ ಮಾಡಬೋದಿತ್ತಲ್ಲ?"

"ಮಾರಿತ್‌ಗಾ?" ಅವನು ಮೇಜಿನತ್ತ ನೋಡಿದ. "ಹೊರಡೋವಾಗ ಆಕೆ ನನ್ನ ಕೈಗೆ ಒಂದು ಹಳೇ ಸ್ವೆಟರ್ ಕೊಟ್ಲು. ತನ್ನ ವಾಸನೆ ಇರ್ಲಿ, ತೈಗಾ ಪಕ್ಕದಲ್ಲಿ ಇಡಿ ಅಂತ. ಸತ್ತಳು ಅಂತ ಆಕೆಗೆ ಹೇಳೋ ಧೈರ್ಯ ಬರಲಿಲ್ಲ. ಓಡಿಹೋದ್ಲು ಅಂದ್ರೆ ಎಲ್ಲೋ ಇದಾಳೆ ಅಂತ ಆಗುತ್ತಲ್ಲ. ಜನ ಎರಡು ದಿನ ಹೆದರ್ತಾರೆ, ಆಮೇಲೆ ಮರೀತಾರೆ ಅಂದ್ಕೊಂಡೆ."

ಒಬ್ಬ ಹೆಂಗಸಿನ ದನಿಗೆ ಹೆದರಿದವನು ಒಂಬೈನೂರು ಜನಕ್ಕೆ ಭಯ ಹಂಚಿದ್ದ. ಇಂಗೆರ್ಡ್ ಅದನ್ನು ಬರೆಯಲಿಲ್ಲ. ಅದನ್ನು ಬರೆಯಲು ಕಾನೂನಿನಲ್ಲಿ ಕಲಂ ಇರಲಿಲ್ಲ.

"ಒಂದು ಮಾತು," ಎಂದಳು. "ಊರಿಗೇ ಸುಳ್ಳು ಹೇಳಿದ್ರಿ. ಆ ಯಂತ್ರದ ಗುಂಡಿ ಒತ್ತಿ ಮಂಚ ಮಾಡಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ."

ತೌನೊ ತನ್ನ ಅಂಗೈ ನೋಡಿಕೊಂಡ. ಸಲಿಕೆಯ ಬೊಬ್ಬೆಗಳು ಒಡೆದಿದ್ದವು.

"ಇಪ್ಪತ್ತಾರು ವರ್ಷ ಆಯ್ತು ಗಾಡಿ ಹಿಡಿದು. ಅವಳನ್ನ ಹೂಳ್ತಾ ಇದ್ದೆ. ಮಲಗಿದ್ದೆ ಅಂತ ಒತ್ತೋಕೆ ಕೈ ಬರಲಿಲ್ಲ."

ಅವನನ್ನು ಒಳಗೆ ಕಳಿಸಿ ಇಂಗೆರ್ಡ್ ಮತ್ತೆ ಹೆದ್ದಾರಿಗೆ ಹೋದಳು, ಲಾರಿಗೆ ಮೊಹರು ಹಾಕಲು. ಊರಿನ ಕಿಟಕಿಗಳು ತೆರೆದಿದ್ದವು. ಮರಗಳ ತುದಿಯಲ್ಲಿ ಸೂರ್ಯ ಇನ್ನೂ ಇದ್ದ. ಬೋನಿನ ಮೂಲೆಯಲ್ಲಿ, ಹುಲ್ಲಿನಡಿ, ಹೆಣೆದ ಸ್ವೆಟರಿನ ಒಂದು ತೋಳು ಕಾಣುತ್ತಿತ್ತು. ಮಧ್ಯಾಹ್ನದ ಪಂಚನಾಮೆಯಲ್ಲಿ ಅದನ್ನು ಯಾರೂ ಬರೆದಿರಲಿಲ್ಲ.

ಖಾಲಿ ಬೋನಿನ ಮೇಲೆ ಫ್ಯಾನು ಇನ್ನೂ ಓಡುತ್ತಿತ್ತು. ಬೆಳಗ್ಗೆ ಒಂಬತ್ತಕ್ಕೆ ಹಾಕಿದವನು ಮತ್ತೆ ಆರಿಸಿರಲಿಲ್ಲ. ಇಂಗೆರ್ಡ್ ಸ್ವಿಚ್ಚಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಆರಿಸಿದಳು.