ಗಾರ್ಡ್ ಡಬ್ಬಿಯಿಲ್ಲದ ರೈಲು

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ನನ್ನ ಗಂಡನ ಫೋನು ಎಂದಿನಂತೆ ಅಲಾರಂ ಹೊಡೆಯಿತು. ಅದನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಎದ್ದು ಆರಿಸಿದೆ. ಹಾಲು ಕಾಯಿಸಿದೆ. ಅತ್ತೆ ಮೇಜಿನ ಬಳಿ ಕುಳಿತು ಪೇಪರಿನ ಪದಬಂಧ ಬಿಡಿಸುತ್ತಿದ್ದರು. ಮಗನ ಅಂತ್ಯಕ್ರಿಯೆ ಮುಗಿಸಿದ ಹೆಂಗಸು ಪದಬಂಧ ಬಿಡಿಸುವುದನ್ನು ಕಂಡರೆ ಬೇರೆಯವರು ಏನಾದರೂ ಅಂದುಕೊಂಡಾರು. ನನಗೆ ಏನೂ ಅನ್ನಿಸಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದಕ್ಕೂ ಏನೂ ಅನ್ನಿಸುತ್ತಿರಲಿಲ್ಲ.

ಅತ್ತೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ನಮ್ಮ ಕಟ್ಟಡದಲ್ಲಿ ಅವರಿಗೆ ‘ಪತ್ತೆ ಮೇಡಂ’ ಎಂದು ಹೆಸರು. ಲಿಫ್ಟಿನ ಗುಂಡಿಗಳನ್ನು ಸುಟ್ಟವರು ಯಾರು, ಮೇಲಿನ ಮನೆಯ ಸೊಸೆಯ ಸರ ಎಲ್ಲಿಗೆ ಹೋಯಿತು, ಎಲ್ಲವನ್ನೂ ಕಂಡುಹಿಡಿದವರು ಅವರೇ. ಟಾರ್ಚು ಹಿಡಿದು ಹಿಂದೆ ಹೋಗುವುದು ನನ್ನ ಕೆಲಸ. “ಅತ್ತೆ ಸೊಸೆ ಸೇರಿ ಊರವರ ಗುಟ್ಟೆಲ್ಲ ಬಯಲು ಮಾಡ್ತೀರಿ, ನನ್ನದೊಂದಾದರೂ ಉಳಿಸ್ರಪ್ಪ” ಎಂದು ನನ್ನ ಗಂಡ ನಗುತ್ತಿದ್ದ.

ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಮಾದರಿ ರೈಲು ಕ್ಲಬ್ಬಿನ ಕಾರ್ಯದರ್ಶಿಗಳು ನಿಂತಿದ್ದರು. ಅವರ ಹಿಂದೆ ಹಲ್ಲಿನ ಡಾಕ್ಟರು, ಟವಲು ಸುತ್ತಿದ ಪೆಟ್ಟಿಗೆಯೊಂದನ್ನು ಹಸುಗೂಸಿನಂತೆ ಎತ್ತಿಕೊಂಡು.

“ಈ ಹೊತ್ತಲ್ಲಿ ಬರಬಾರದಿತ್ತು, ಮೇಡಂ,” ಎಂದರು ಕಾರ್ಯದರ್ಶಿ.

“ಬಂದಾಯ್ತಲ್ಲ. ಕೂತ್ಕೊಳ್ಳಿ,” ಎಂದರು ಅತ್ತೆ, ಪದಬಂಧದಿಂದ ಕಣ್ಣೆತ್ತದೆ.

ನಮ್ಮ ರಸ್ತೆಯ ಕೊನೆಯಲ್ಲಿ, ಹಳೆಯ ಗೋದಾಮಿನ ಮಹಡಿಯ ಮೇಲೆ ಆ ಕ್ಲಬ್ಬು. ಕೋಣೆಯ ತುಂಬ ಸೊಂಟದೆತ್ತರದ ಮೇಜುಗಳು. ಅವುಗಳ ಮೇಲೆ ಗುಡ್ಡ, ಸುರಂಗ, ಸೇತುವೆ, ಸಿಗ್ನಲ್ಲು, ಬೆರಳಗಲದ ಹಳಿ. ಅಲ್ಲಿ ಓಡುವುದೆಲ್ಲ ಗೂಡ್ಸ್ ಗಾಡಿಗಳೇ. ಒಂದೊಂದು ವ್ಯಾಗನ್ನೂ ಅಂಗೈಯಲ್ಲಿ ಹಿಡಿಸುವಷ್ಟು. ಅದನ್ನು ಕಟ್ಟುವುದು, ಮೇಲೆ ತುಕ್ಕಿನ ಬಣ್ಣ ಬಳಿದು ಹಳೆಯದು ಮಾಡುವುದು, ಇದರಲ್ಲಿ ನನ್ನ ಗಂಡ ಊಟ ಮರೆಯುತ್ತಿದ್ದ.

ಡಾಕ್ಟರು ಟವಲು ಬಿಚ್ಚಿದರು. ಮುಂದೆ ಬೀಗದ ಪುಟ್ಟ ಬಾಗಿಲಿದ್ದ ಗಾಜಿನ ಪೆಟ್ಟಿಗೆ. ಒಳಗೆ ರೈಲಿನ ಕೊನೆಗೆ ಸಿಕ್ಕಿಸುವ ಗಾರ್ಡ್ ಡಬ್ಬಿ. ಡಬ್ಬಿಯನ್ನೂ ಪೆಟ್ಟಿಗೆಯನ್ನೂ ಮಾಡಿದವರು ಕ್ಲಬ್ಬು ಶುರು ಮಾಡಿದ ಹಿರಿಯರು. ಗಾಡಿ ಹೊರಟಾಗಲೆಲ್ಲ ಸೀಟಿ ಊದುವುದರಿಂದ ಎಲ್ಲರ ಬಾಯಲ್ಲೂ ಅವರು ‘ಗಾರ್ಡ್ ತಾತ’. ಡಬ್ಬಿಯ ಒಂದು ಮಗ್ಗುಲಿನ ಅಕ್ಷರಗಳನ್ನು ಬರೆದವರು ಅವರ ಹೆಂಡತಿ. ಆಕೆ ಈಗಿಲ್ಲ. ಕ್ಲಬ್ಬಿನ ಸದಸ್ಯರು ಯಾರಾದರೂ ತೀರಿಕೊಂಡರೆ ಅವರ ಹೆಸರಲ್ಲಿ ಒಂದು ಗೂಡ್ಸ್ ಓಡಿಸುತ್ತಾರೆ. ಆ ಡಬ್ಬಿ ಪೆಟ್ಟಿಗೆಯಿಂದ ಹೊರಬರುವುದು ಆಗ ಮಾತ್ರ.

ಈಗ ಗಾಜಿನ ಒಳಮೈ ಮಂಜು ಕವಿದಂತೆ ಬೆಳ್ಳಗಾಗಿತ್ತು. ಕಪ್ಪು ಡಬ್ಬಿಯ ಮೇಲೆ ಬೂದಿ ಚೆಲ್ಲಿದಂತಿತ್ತು. ಪಕ್ಕದ ಪುಟ್ಟ ಏಣಿ ಮುರಿದಿತ್ತು. ಯಾರೋ ಅದನ್ನು ಸೊಟ್ಟಗೆ ಅಂಟಿಸಿ, ಅಕ್ಷರವಿದ್ದ ಆ ಮಗ್ಗುಲನ್ನು ಹಿಂದಕ್ಕೆ ತಿರುಗಿಸಿ ಇಟ್ಟಿದ್ದರು.

“ಈ ಪೆಟ್ಟಿಗೆಗೆ ಬೀಗದ ಕೈ ಇರೋದು ಒಂದೇ,” ಎಂದರು ಕಾರ್ಯದರ್ಶಿ. “ಹೋಗೋ ಹಿಂದಿನ ಸಂಜೆ ನಿಮ್ಮ ಮಗ ಅದನ್ನ ನನ್ನಿಂದ ಇಸ್ಕೊಂಡ್ರು. ತಾವು ಕಟ್ತಿರೋ ವ್ಯಾಗನ್ನಿಗೆ ಈ ಅಕ್ಷರ ನೋಡಬೇಕು ಅಂದ್ರು. ನಿನ್ನೆ ಕ್ಲಬ್ಬು ತೆಗೆದ್ರೆ ಹೀಗಿದೆ. ಬೀಗ ಹಾಕಿದ್ದು ಹಾಕಿದ ಹಾಗೇ ಇದೆ. ನಾವೇನು ಅಂದ್ಕೋಬೇಕು ಹೇಳಿ?”

“ಅಂದ್ಕೊಂಡಾಗಿದೆ ಅಂತ ಕಾಣುತ್ತೆ,” ಎಂದರು ಅತ್ತೆ.

“ಹುಡುಗ ಪಾಪ, ಮುರಿದದ್ದನ್ನೇ ಮನಸ್ಸಿಗೆ ಹಚ್ಕೊಂಡ್ರೇನೋ. ಬೆಳಿಗ್ಗೆ ಎದೆನೋವು ಬಂದದ್ದೂ…” ಅವರು ಮಾತು ತಿರುಗಿಸಿದರು. “ನಮ್ಮ ಮೇಜಿನ ಹೊಸ ಸ್ಟೇಷನ್ನಿಗೆ ಅವರ ಹೆಸರಿನ ಹಲಗೆ ಹಾಕೋದು ಅಂತಿತ್ತು. ಈಗ ಸದಸ್ಯರು ಬೇಡ ಅಂತಿದಾರೆ.”

ನಾನು ಒಳಗೆ ಹೋಗಿ ಆಸ್ಪತ್ರೆಯವರು ಕೊಟ್ಟಿದ್ದ ಲಕೋಟೆ ತಂದೆ. ಗಡಿಯಾರ, ಪರ್ಸು, ಒಂದು ಸಣ್ಣ ಹಿತ್ತಾಳೆ ಬೀಗದ ಕೈ. ಲಕೋಟೆಯ ಬಾಯಿ ಒಡೆದಿರಲೇ ಇಲ್ಲ. ಅದನ್ನು ಒಡೆದದ್ದು ನಾನು, ಆಗಲೇ, ಅವರೆಲ್ಲರ ಎದುರಿಗೆ.

ಹೋಗುವ ಹಿಂದಿನ ಆ ರಾತ್ರಿ ಅವನು ನನ್ನನ್ನು ಕೆಲಸದ ಮೇಜಿನ ಬಳಿ ಕರೆದು, ತಾನು ಬರೆದ ಒಂದಕ್ಷರವನ್ನು ಭೂತಗನ್ನಡಿಯಲ್ಲಿ ತೋರಿಸಿದ್ದ. ಖುಷಿಯಾಗಿದ್ದ. ಅಥವಾ ನನಗೆ ಹಾಗೆ ಕಂಡಿತ್ತು. ಎದೆಯೊಳಗೆ ತಪ್ಪೊಂದನ್ನು ಇಟ್ಟುಕೊಂಡು ನಕ್ಕಿದ್ದನೇ? ಸತ್ತವನನ್ನು ಕೇಳುವ ಹಾಗಿಲ್ಲ. ಹೆಂಡತಿಯ ಮಾತನ್ನು ಯಾರೂ ಸಾಕ್ಷಿ ಅನ್ನುವುದಿಲ್ಲ.

“ಟಾರ್ಚು ತಾಮ್ಮ,” ಎಂದರು ಅತ್ತೆ.

ಅವರು ಪೆಟ್ಟಿಗೆಯ ಸುತ್ತ ನಿಧಾನವಾಗಿ ಕಣ್ಣು ಹಾಯಿಸಿದರು. ಹಿಂಬದಿಯ ಗಾಜಿನ ಕೆಳ ಅಂಚಿನಲ್ಲಿ ಬೆಳಕು ನಿಲ್ಲಿಸಲು ಹೇಳಿದರು. ಅಲ್ಲಿ ಮಂಜು ಒತ್ತಾಗಿ ಕಟ್ಟಿ ಹೆಬ್ಬೆರಳ ಗುರುತೊಂದು ಎದ್ದಿತ್ತು. ತುದಿ ಮೇಲಕ್ಕೆ. ಬುಡ ಮಾತ್ರ ತಳದ ಹಲಗೆಯ ಹತ್ತಿರ ಕತ್ತರಿಸಿದಂತೆ ನಿಂತಿತ್ತು. ಗೆರೆಗಳು ಒಂದರ ಮೇಲೊಂದು ಬಿದ್ದು ಗೋಜಲಾಗಿದ್ದವು. ಅದೇ ಬೆರಳು ಅದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಿದ ಹಾಗೆ. ಅತ್ತೆ ಪೆಟ್ಟಿಗೆಯನ್ನು ಓರೆ ಮಾಡಿ ತಳಕ್ಕೆ ಅಂಟಿಸಿದ ಹಸಿರು ಬಟ್ಟೆಯನ್ನು ಉಗುರಿನಿಂದ ಮುಟ್ಟಿದರು. ಒಂದು ಮೂಲೆಯಲ್ಲಿ ಬಟ್ಟೆ ಗಟ್ಟಿಯಾಗಿ ಸೆಟೆದುಕೊಂಡಿತ್ತು.

“ನನ್ನ ಮಗನಿಗೆ ಕೊನೆಯ ರೈಲು ಓಡಿಸಿದ್ರಾ?”

“ಅಂತ್ಯಕ್ರಿಯೆ ದಿನ ಸಂಜೆ. ಆದ್ರೆ ಗಾರ್ಡ್ ಡಬ್ಬಿ ಇಲ್ಲದೆ. ಬೀಗದ ಕೈ ಅವರ ಮನೇಲಿದೆ, ದುಃಖದಲ್ಲಿರೋರನ್ನ ಕೇಳಬೇಡಿ ಅಂತ ತಾತನೇ ಅಂದ್ರು.”

“ಆಗ ಈ ಗಾಜು ಹೇಗಿತ್ತು?”

“ಫಳಫಳ ಅಂತಿತ್ತು,” ಎಂದರು ಡಾಕ್ಟರು. “ನಾನದರಲ್ಲಿ ಮುಖ ನೋಡ್ಕೊಂಡು ಕ್ರಾಪು ಸರಿ ಮಾಡ್ಕೊಂಡೆ.”

“ಇರೋ ನಾಲ್ಕು ಕೂದಲಿಗೆ ಅದೊಂದು ಕೇಡು,” ಎಂದು ಕಾರ್ಯದರ್ಶಿ ಗೊಣಗಿದರು.

“ಅವತ್ತು ಯಾರು ಮೊದಲು ಬಂದ್ರಿ, ಯಾರು ಕೊನೆಗೆ ಹೋದ್ರಿ?”

“ಮೊದಲು ತಾತ, ಆಮೇಲೆ ನಾನು. ಡಾಕ್ಟರು ಯಾವಾಗಲೂ ತಡ. ಬಾಗಿಲು ಹಾಕಿ ಹೋದೋನು ನಾನೇ. ಆಮೇಲೆ ನಿನ್ನೆವರೆಗೂ ತೆಗೆದಿಲ್ಲ. ಯಾಕೆ?”

“ಸುಮ್ಮನೆ. ತಾತ ಇದನ್ನ ನೋಡಿ ಏನಂದ್ರು?”

“ಏನಿಲ್ಲ. ಕೋಟಿನ ಜೇಬಲ್ಲಿ ಕೈ ಇಟ್ಕೊಂಡು ನಿಂತೇಬಿಟ್ರು.”

ಅವರು ಹೋದ ಮೇಲೆ ಅತ್ತೆ ಮಗನ ಕೆಲಸದ ಮೇಜಿನ ಮುಂದೆ ಬಂದು ನಿಂತರು. ಅರ್ಧ ಕಟ್ಟಿದ ವ್ಯಾಗನ್, ಚಿಮಟ, ನಿಧಾನವಾಗಿ ಒಣಗುವ ಗೋಂದಿನ ಬಾಟಲಿ. “ಚಿಟಿಕೆ ಗಮ್ಮು ಇಲ್ವಾ?” ಎಂದು ಕೇಳಿದರು. ಚಿಟಿಕೆ ಹೊಡೆಯುವಷ್ಟರಲ್ಲಿ ಕಚ್ಚಿಕೊಳ್ಳುವ ಗಮ್ಮಿಗೆ ಕ್ಲಬ್ಬಿನವರು ಇಟ್ಟ ಹೆಸರು ಅದು. ಅವನು ಅದನ್ನು ಮನೆಯೊಳಗೇ ತರುತ್ತಿರಲಿಲ್ಲ. ಅದರ ಹಬೆ ಬಣ್ಣ ಕೆಡಿಸುತ್ತದೆಂದು ತಾತ ಕಲಿಸಿದ್ದರಂತೆ.

ಹಣೆಗೆ ಕಟ್ಟಿಕೊಳ್ಳುವ ಭೂತಗನ್ನಡಿ ಅಲ್ಲೇ ಇತ್ತು. “ಇದು ಅವನದಾ?”

“ಇರಬೇಕು.”

ಅತ್ತೆ ಅದರ ಪಟ್ಟಿಯ ಬಕ್ಕಲಿಗೆ ಸಿಕ್ಕಿದ್ದ ಕೂದಲನ್ನು ಬೆರಳಿನಿಂದ ತೋರಿಸಿದರು. ಹಾಲಿನಂಥ ಬಿಳಿ. ಪಟ್ಟಿಯನ್ನು ಚಿಕ್ಕ ತಲೆಗೆ ತಕ್ಕಂತೆ ಬಿಗಿದು ಗಂಟು ಹಾಕಿತ್ತು. “ನನ್ನ ಮಗನ ತಲೆ ಎಂಥದ್ದು ಅಂತ ನನಗೆ ಗೊತ್ತಿಲ್ವಾ? ಒಂದು ಟೋಪೀನೂ ಹಿಡಿಸ್ತಿರಲಿಲ್ಲ,” ಎಂದರು. ಆಮೇಲೆ ಅವನ ಕುರ್ಚಿಯಲ್ಲಿ ಕುಳಿತು, ಬಹಳ ಹೊತ್ತು ಏಳಲಿಲ್ಲ.

ಭಾನುವಾರ ಸಂಜೆ ಅತ್ತೆ ಎಲ್ಲರನ್ನೂ ಕ್ಲಬ್ಬಿನಲ್ಲಿ ಸೇರಿಸಿದರು. “ಮೊದಲು ಒಂದು ರೈಲು ಓಡಿಸಿ ನೋಡೋಣ,” ಎಂದರು. ತಾತ ಜೇಬಿನಿಂದ ಕೈ ತೆಗೆಯದೆ, “ಡಾಕ್ಟ್ರೇ, ನೀವೇ ಹಳಿಗೇರಿಸಿ,” ಎಂದರು. ತಾತನ ವ್ಯಾಗನ್ನುಗಳನ್ನು ಬೇರೆಯವರು ಮುಟ್ಟುವಂತಿಲ್ಲ ಎಂದು ನನ್ನ ಗಂಡ ಎಷ್ಟು ಸಲ ಹೇಳಿದ್ದನೋ. ಡಾಕ್ಟರು ಒಂದೊಂದನ್ನೇ ಹಳಿಯ ಮೇಲೆ ಕೂರಿಸಿದರು. ಕೈ ಕಲ್ಲಿನಂತೆ ನಿಶ್ಚಲ. ಗಾಡಿ ಸುತ್ತು ಹೊಡೆದು ನಿಂತಿತು.

“ಈಗ ಕೇಳಿ,” ಎಂದರು ಅತ್ತೆ. “ಗಾಜಿನ ಮೇಲಿರೋ ಬಿಳುಪು ಚಿಟಿಕೆ ಗಮ್ಮಿನ ಹಬೆ. ಮುಚ್ಚಿದ ಪೆಟ್ಟಿಗೇಲಿ ಅದು ರಾತ್ರಿ ಬೆಳಗಾಗೋದರೊಳಗೆ ಕಟ್ಟುತ್ತೆ. ನನ್ನ ಮಗ ಅಂಟಿಸಿದ್ರೆ, ಕೊನೆಯ ರೈಲಿನ ಹೊತ್ತಿಗೆ ಗಾಜು ಬೆಳ್ಳಗಾಗಿರಬೇಕಿತ್ತು. ಡಾಕ್ಟರು ಅದರಲ್ಲಿ ಕ್ರಾಪು ತಿದ್ದಿಕೊಂಡಿದಾರೆ. ಅಂದ್ರೆ ಅಂಟಿಸಿದ್ದು ಅವತ್ತೇ ಸಂಜೆ. ಆಗ ನನ್ನ ಮಗ ಇರಲಿಲ್ಲ.”

“ಆದ್ರೆ ಬೀಗದ ಕೈ ನಿಮ್ಮನೇಲೇ ಇತ್ತಲ್ಲ ಮೇಡಂ!”

“ಒಡೆಯದ ಲಕೋಟೇಲಿತ್ತು. ಹಾಗಾಗಿ ಪೆಟ್ಟಿಗೇನ ಬಾಗಿಲಿಂದ ಯಾರೂ ತೆಗೆದಿಲ್ಲ. ಈ ಹಬೆಗೆ ಇನ್ನೊಂದು ಗುಣ ಇದೆ. ಬೆರಳಿನ ಜಿಡ್ಡು ಎಲ್ಲಿದೆಯೋ ಅಲ್ಲಿ ದಪ್ಪಗೆ ಕೂರುತ್ತೆ. ಪೊಲೀಸಿನವರು ಬೆರಳ ಗುರುತು ಎಬ್ಬಿಸೋದೂ ಹೀಗೇ. ಇಲ್ಲಿ ಗಾಜಿನ ಒಳಗಡೆ ಒಂದು ಹೆಬ್ಬೆರಳಿದೆ, ಕೆಳಗಿಂದ ಮೇಲಕ್ಕೆ. ತಳದ ಹಲಗೆ ಇದ್ದಾಗ ಅಲ್ಲಿ ಬೆರಳು ಹಾಗೆ ಇಡೋಕೇ ಆಗಲ್ಲ. ತಳದಿಂದ ಗಾಜನ್ನ ಬಿಡಿಸಿ, ಅಂಚು ಹಿಡಿದು ಎತ್ತಿದೋರ ಬೆರಳು ಅದು.” ಅವರು ಹಸಿರು ಬಟ್ಟೆಯ ಮೂಲೆಯನ್ನು ಎಬ್ಬಿಸಿದರು. ಅಡಿಯಲ್ಲಿ ಒಂದು ಸಣ್ಣ ತಿರುಪು. “ನಾಲ್ಕು ಮೂಲೇಲೂ ಇದೆ. ಬಟ್ಟೆಯನ್ನ ಮತ್ತೆ ಅಂಟಿಸಿದ್ದೂ ಅದೇ ಗಮ್ಮಿಂದ. ಇದು ಯಾರಿಗಾದ್ರೂ ಗೊತ್ತಿತ್ತಾ?”

ಕಾರ್ಯದರ್ಶಿ ಇಲ್ಲವೆಂದು ತಲೆಯಾಡಿಸಿದರು. ಡಾಕ್ಟರು ಬಗ್ಗಿ ತಿರುಪನ್ನು ಮುಟ್ಟಿ ನೋಡಿದರು.

“ಪೆಟ್ಟಿಗೆ ಮಾಡಿದೋರಿಗೆ ಗೊತ್ತಿರುತ್ತೆ. ಮುಚ್ಚಿದ ಪೆಟ್ಟಿಗೇಲಿ ಚಿಟಿಕೆ ಗಮ್ಮು ಬೇಡ ಅಂತ ಇಲ್ಲಿರೋ ಎಲ್ಲರಿಗೂ ಗೊತ್ತು. ಆದರೂ ಅದನ್ನ ಬಳಸಬೇಕು ಅಂದ್ರೆ, ಬೇರೆ ಗೋಂದು ಒಣಗೋವರೆಗೂ ಏಣಿ ಹಿಡಿಯೋಕೆ ಅವರ ಕೈ ನಿಲ್ಲಲ್ಲ. ಹೆಬ್ಬೆರಳ ಗುರುತು ಒಂದರ ಮೇಲೊಂದು ಬಿದ್ದಿರೋದೂ ಅದಕ್ಕೇ. ಸೊಟ್ಟಗೆ ಕೂತಿದ್ದು ಕಾಣಲಿಲ್ಲ, ಯಾಕಂದ್ರೆ ಅವರ ಭೂತಗನ್ನಡಿ ನನ್ನ ಮಗನ ಮೇಜಿನ ಮೇಲಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಾರ್ಯದರ್ಶಿಗಳ ಹೆಜ್ಜೆ ಸದ್ದು. ಆರಲು ಬಿಡದೆ ಮುಚ್ಚಿದರು.”

ತಾತ ಎರಡೂ ಕೈಗಳನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಹಳಿಯ ಮೇಲಿದ್ದ ವ್ಯಾಗನ್ನುಗಳು ಸಣ್ಣಗೆ ಗಲಗಲ ಅಂದವು.

“ಅವನ ಗಾಡಿ ಡಬ್ಬಿಯಿಲ್ಲದೆ ಹೋಗಬಾರದು ಅನ್ನಿಸ್ತು,” ಎಂದರು. “ನಿಮ್ಮನ್ನ ಕೇಳೋಕೆ ಮನಸ್ಸು ಬರಲಿಲ್ಲ. ಎತ್ತಿದೆ, ಜಾರಿಬಿತ್ತು. ಕೈ ಹೀಗಾಗಿದೆ ಅಂತ ಗೊತ್ತಾದ್ರೆ ಇವರು ನನ್ನನ್ನ ಒಂದು ಕುರ್ಚೀಲಿ ಕೂರಿಸಿ, ನೋಡ್ತಿರಿ ತಾತ ಅಂತಾರೆ. ಇಲ್ಲಿ ಬಿಟ್ರೆ ನನಗೆಲ್ಲಿದೆ?”

“ಅದಕ್ಕೆ ನನ್ನ ಮಗನ ತಲೆಗೆ ಕಟ್ಟಿದ್ರಿ.”

“ನಾನು ಕಟ್ಟಲಿಲ್ಲ. ಅವರು ಕಟ್ಟಿದಾಗ ಬಾಯಿ ಬಿಡಲಿಲ್ಲ. ಸತ್ತವನಿಗೆ ನೋವಾಗಲ್ಲ ಅಂದ್ಕೊಂಡೆ.”

“ಅವನಿಗಾಗಲ್ಲ,” ಎಂದರು ಅತ್ತೆ. ಅವರ ದನಿ ಮೊದಲ ಸಲ ಸೀಳಿತು. “ಇವಳಿಗಾಗುತ್ತೆ.” ಪೆಟ್ಟಿಗೆಯನ್ನು ತಾತನ ಕಡೆ ಸರಿಸಿ ಎದ್ದರು. “ಭೂತಗನ್ನಡಿ ನನ್ನ ಸೊಸೆ ಹತ್ತಿರ ಇದೆ. ಕೊಡೋದು ಬಿಡೋದು ಅವಳಿಗೆ ಸೇರಿದ್ದು.”

ಇಬ್ಬರೂ ಮನೆಯ ಕಡೆ ನಡೆದೆವು. ಆ ಕೊನೆಯ ರಾತ್ರಿ ಅವನು ಸುಮ್ಮನೆ ಖುಷಿಯಾಗಿಯೇ ಇದ್ದ. ಅಕ್ಷರ ಚೆನ್ನಾಗಿ ಬಂದಿತ್ತು, ಅಷ್ಟೇ. ಅದು ಖಚಿತವಾದ ಮೇಲೆ ನಾನು ಅಳಬಹುದಿತ್ತು. ರಸ್ತೆದೀಪದ ಕೆಳಗೆ ಅತ್ತೆ ನನ್ನ ತೋಳು ಹಿಡಿದುಕೊಂಡರು.

ಕೆಲವು ದಿನ ಭೂತಗನ್ನಡಿಯನ್ನು ನಾನು ಮುಟ್ಟಲಿಲ್ಲ. ಕೊಡಬೇಕೆಂದು ಅತ್ತೆ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಒಂದು ಸಂಜೆ ಅದನ್ನು ಚೀಲದಲ್ಲಿಟ್ಟುಕೊಂಡು ಗೋದಾಮಿನ ಮೆಟ್ಟಿಲು ಹತ್ತಿದೆ.

ಹೊಸ ಸ್ಟೇಷನ್ನಿಗೆ ಹಲಗೆ ನಿಲ್ಲಿಸಿದ್ದರು. ಅವನ ಹೆಸರನ್ನು ಡಾಕ್ಟರು ಬರೆದದ್ದಿರಬೇಕು, ಅಕ್ಷರ ಹಲ್ಲಿನ ಸಾಲಿನಂತೆ ನೇರವಾಗಿತ್ತು. ತಾತ ಒಬ್ಬರೇ ಕುಳಿತಿದ್ದರು. ಮುಂದೆ ಗಾರ್ಡ್ ಡಬ್ಬಿ. ಏಣಿಯನ್ನು ಕಿತ್ತು ಬೇರೆ ಇಟ್ಟಿದ್ದರು. ನಿಧಾನದ ಗೋಂದಿನ ಬಾಟಲಿಗೆ ಮುಚ್ಚಳ ಹಾಕಿತ್ತು. ನನ್ನನ್ನು ಕಂಡು ಅವರು ಕೈಗಳನ್ನು ಜೇಬಿಗಿಳಿಸಲು ಹೋಗಿ, ಸುಮ್ಮನಾದರು.

ನಾನು ಭೂತಗನ್ನಡಿಯನ್ನು ಅವರ ಮುಂದಿಟ್ಟೆ. ಪಟ್ಟಿಯ ಗಂಟು ಹಾಗೇ ಇತ್ತು. ಬಿಳಿ ಕೂದಲನ್ನೂ ನಾನು ತೆಗೆದಿರಲಿಲ್ಲ.

“ಎರಡು ದಿನಕ್ಕೆ ಅಂತ ಇಸ್ಕೊಂಡಿದ್ದ,” ಎಂದರು ತಾತ, ಅದನ್ನು ಮುಟ್ಟದೆ.

“ಗೊತ್ತು,” ಎಂದೆ. “ತಡವಾಯ್ತು.”