ಇಟ್ಟಿಗೆ ಗುಂಡಿಯ ತಾಯಿಮೀನುಗಳು

೧೯೯೭ರ ಫೆಬ್ರವರಿ ಹನ್ನೊಂದು. ಬೆಳಿಗ್ಗೆ ಓಲ್ಶಾಂಕಾ ಠಾಣೆಗೆ ಬಂದ ಮೀನು ಸಾಕಣೆಯ ಬೊಗುಮಿವಾ ನಿಂತೇ ದೂರು ಹೇಳಿದಳು. ರಾತ್ರಿ ಯಾರೋ ಅವಳ ಚಳಿಗಾಲದ ಕೊಳದ ತೂಬು ತೆಗೆದು, ನೀರಿಳಿಸಿ, ತಾಯಿಕಾರ್ಪ್ ಮೀನುಗಳನ್ನೆಲ್ಲ ಹೊತ್ತೊಯ್ದಿದ್ದರು. ಅವಿಲ್ಲದಿದ್ದರೆ ವಸಂತದಲ್ಲಿ ಮರಿಗಳಿಲ್ಲ. ಮರಿ ಸಿಗದೆ ಸುತ್ತಲಿನ ಹಳ್ಳಿಗಳ ಕೊಳಗಳೆಲ್ಲ ಖಾಲಿ ಉಳಿಯುತ್ತವೆ.

ಇನ್‌ಸ್ಪೆಕ್ಟರ್ ಹಲೀನಾ ಎಫ್‌ಐಆರ್ ಬರೆಸಿ, ಕಾನ್‌ಸ್ಟೆಬಲ್ ತಿತುಸ್‌ನೊಂದಿಗೆ ಹೋಗಿ ಪಂಚನಾಮೆ ಮಾಡಿದಳು. ತೂಬಿನಿಂದ ಕಿತ್ತ ಹಲಗೆಗಳನ್ನು ಒಡೆದಿರಲಿಲ್ಲ, ಒಪ್ಪವಾಗಿ ಜೋಡಿಸಿಟ್ಟಿದ್ದರು.

"ಇಷ್ಟೊತ್ತಿಗೆ ಯಾರದೋ ಬಾಣಲೆಗೆ ಬಿದ್ದಿರ್ತವೆ ಬಿಡಿ ಮೇಡಂ," ಎಂದ ತಿತುಸ್.

"ಮುದಿ ಮೀನನ್ನ ಯಾರಯ್ಯಾ ತಿಂತಾರೆ? ಕದ್ದೋನಿಗೆ ಅವು ಜೀವಂತವಾಗೇ ಬೇಕಿತ್ತು."

ಕಾಡುದಾರಿ ಹಿಮದಲ್ಲಿ ಮುಚ್ಚಿತ್ತು. ನದಿಯ ಸೇತುವೆ ದುರಸ್ತಿಯಲ್ಲಿತ್ತು. ಅಷ್ಟು ಮೀನು ಹೊತ್ತ ಟ್ರ್ಯಾಕ್ಟರ್ ಹೋಗಲು ಉಳಿದದ್ದು ಜೌಗುನೆಲದ ಅಂಚಿನ ದಾರಿ ಮಾತ್ರ. ಆ ದಾರಿಯುದ್ದಕ್ಕೂ ಹೆಪ್ಪುಗಟ್ಟಿದ ಒಂದೊಂದು ಕೊಳವನ್ನೂ ಇಬ್ಬರೂ ನೋಡುತ್ತ ಹೋದರು. ಪಾಳುಬಿದ್ದ ಇಟ್ಟಿಗೆ ಭಟ್ಟಿಯ ಬಳಿ, ನೀರು ತುಂಬಿದ ಮಣ್ಣಿನ ಗುಂಡಿಯ ಮುಂದೆ ಹಲೀನಾ ನಿಂತಳು. ಮಂಜುಗಡ್ಡೆಯಲ್ಲಿ ಹೊಸದಾಗಿ ಕೊರೆದ ತೂತುಗಳು. ಒಳಗೆ ಗಾಳಿಯಾಡಲೆಂದು ಪ್ರತಿಯೊಂದರಲ್ಲೂ ಹುಲ್ಲಿನ ಕಟ್ಟು.

"ಮೀನೇ ಇಲ್ಲದ ಗುಂಡಿಗೆ ಗಾಳಿ ಯಾತಕ್ಕೋ ತಿತುಸ್?"

ಪಕ್ಕದ ಮನೆಯಲ್ಲಿದ್ದವನು ಜೆನೋನ್. ಹಿಂದೆ ಸರಕಾರಿ ಮೀನು ಸಾಕಣೆ ಕೇಂದ್ರದಲ್ಲಿ ಆಳಾಗಿದ್ದವನು.

"ತೂತು ಕೊರೆದೋರು ಯಾರು?"

"ನಾನೇ."

"ಯಾಕೆ?"

"ಉಸಿರು ಕಟ್ಟುತ್ತಲ್ಲ."

"ಯಾರಿಗೆ?"

ಜೆನೋನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕೋಟು ಹಾಕಿಕೊಂಡು ತಾನೇ ಹೊರಗೆ ಬಂದ.

ಮಧ್ಯಾಹ್ನದ ಹೊತ್ತಿಗೆ ಮೀನು ಸಾಗಿಸಲು ಊರಿನ ಅಗ್ನಿಶಾಮಕ ದಳದ ನೀರಿನ ಲಾರಿ ಬಂತು. ಹಿಂದೆಯೇ ಬೊಗುಮಿವಾ, ಜೊತೆಗೆ ಅರ್ಧ ಊರು. ಬಲೆ ಎಳೆಯಲು ಹೋದ ತಿತುಸ್ ಸೊಂಟದವರೆಗೆ ನೀರಿಗಿಳಿದುಬಿಟ್ಟ.

"ನಿನ್ನನ್ನೂ ಸಾಕ್ಕೊಳ್ಳಬೇಕೇನೋ?" ಎಂದಳು ಬೊಗುಮಿವಾ. ಅಂದು ಅವಳು ನಕ್ಕದ್ದು ಅದೇ ಮೊದಲು.

ತೊಟ್ಟಿಲ ಕೂಸಿನಷ್ಟು ದಪ್ಪದ ಕಾರ್ಪ್‌ಗಳು ಕೈಯಿಂದ ಕೈಗೆ ದಾಟಿದವು. ಒಂದೂ ಸತ್ತಿರಲಿಲ್ಲ. ಲಾರಿ ಸೈರನ್ ಹಾಕಿಕೊಂಡೇ ಊರು ಹೊಕ್ಕಿತು. ಮನೆಮನೆಯ ಬಾಗಿಲಲ್ಲಿ ಜನ ಚಪ್ಪಾಳೆ ತಟ್ಟಿದರು. ಪಾದ್ರಿ ಚರ್ಚಿನ ಗಂಟೆ ಬಾರಿಸಿಯೇಬಿಟ್ಟರು.

ಜೆನೋನ್‌ನನ್ನು ದಸ್ತಗಿರಿ ಮಾಡಿದರು. ಆ ಕಾರ್ಪ್ ತಳಿಯನ್ನು ಕೇಂದ್ರದಲ್ಲಿ ಬೆಳೆಸಿದ್ದು ಅವನ ತಂದೆ. ಕೇಂದ್ರ ಮುಚ್ಚಿ ಕೊಳಗಳು ಹರಾಜಿನಲ್ಲಿ ಬೊಗುಮಿವಾಳ ಪಾಲಾದ ಮೇಲೆ ಜೆನೋನ್ ಬೇಲಿಯಾಚೆ ನಿಂತು ನೋಡಬೇಕಾಗಿತ್ತು.

"ಮಾರೋಕಲ್ಲ ಮೇಡಂ," ಎಂದ ಜೀಪಿನಲ್ಲಿ. "ಒಂದು ಚಳಿಗಾಲ ನಮ್ಮ ಮನೆ ಹತ್ರ ಇರ್ಲಿ ಅನ್ನಿಸ್ತು."

ಹಲೀನಾ ಹೇಳಿಕೆಯಲ್ಲಿ ಅದನ್ನು ಹಾಗೆಯೇ ಬರೆಸಿದಳು.