ಇಳಿಜಾರಿನ ಎರಡೂವರೆ ಪಟ್ಟೆ

ಗಾಜು ಒಡೆದ ಸದ್ದು ಕೇಳಿದಾಗ ಗಂಟೆ ಎರಡು ದಾಟಿ ಹತ್ತು ನಿಮಿಷ. ಮೇಲ್ವಿಚಾರಕಿ ಕೈಯಲ್ಲಿದ್ದ ಕಡತವನ್ನು ಅಲ್ಲೇ ಬಿಟ್ಟು ಓಡಿದಳು.

ಆಪರೇಷನ್ ಆದವರು ಚೇತರಿಸಿಕೊಳ್ಳಲು ಬಂದಿರುವ ಆರೈಕೆ ಮನೆ ಅದು. ಊಟವಾದ ಮೇಲೆ ಅಲ್ಲಿ ಗೊರಕೆ ಬಿಟ್ಟರೆ ಬೇರೆ ಸದ್ದಿರುವುದಿಲ್ಲ. ಇವತ್ತು ಮಾತ್ರ ಕರೆಂಟ್ ಹೋಗಿ, ತೋಟದ ಶೆಡ್ಡಿನ ಪಕ್ಕದ ಜನರೇಟರ್ ಗುಡುಗುಟ್ಟುತ್ತಿತ್ತು. ಓದುವ ಕೋಣೆಯ ದೊಡ್ಡ ಕಿಟಕಿಯ ಗಾಜು ಪುಡಿಪುಡಿಯಾಗಿ ನೆಲದ ತುಂಬ ಹರಡಿತ್ತು. ಕಿಟಕಿ ಪಕ್ಕದ ಬೆತ್ತದ ಕುರ್ಚಿಯ ಮೇಲೆ ನಿಂಬೆಹಣ್ಣಿನಷ್ಟು ದಪ್ಪದ ಒಂದು ಕಲ್ಲು. ದಿನವೂ ಅದೇ ಕುರ್ಚಿಯಲ್ಲಿ ಕೂತು ಹೆಣಿಗೆ ಹಾಕುವ ಅಮ್ಮ ಉಲ್ಲನ್ ಉಂಡೆ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಿದ್ದರು.

“ಉಂಡೆ ಮುಗೀತು ಅಂತ ಈಗಷ್ಟೇ ಎದ್ದು ಹೋದೆ ಕಣಮ್ಮ,” ಎಂದರು ಅವರು. “ಈಗಷ್ಟೇ.”

ಮೇಲ್ವಿಚಾರಕಿ ಗಾಜು ತುಳಿಯದಂತೆ ಕಿಟಕಿಯ ಬಳಿ ಹೋದಳು. ಒಡೆದ ಕಿಟಕಿಯಿಂದ ಹೊರಗೆ ನೋಡಿದಳು. ಕಟ್ಟಡದ ಮುಂದಿನಿಂದ ಕೆಳಗಿನ ಕೊಳದವರೆಗೆ ಹುಲ್ಲುಹಾಸು ಇಳಿಜಾರಾಗಿ ಹೋಗಿತ್ತು. ಕೊಳದ ಅಂಚಿನಲ್ಲಿ ಹುಲ್ಲು ಕತ್ತರಿಸುವ ಮಷಿನ್ನು ಮಗುಚಿ ಬಿದ್ದಿತ್ತು. ಸೀಟಿನ ಮೇಲೆ ಕೂತು ಓಡಿಸುವ ದೊಡ್ಡ ಮಷಿನ್ನು. ವರ್ಷದ ಹಿಂದೆ ಬಂದಾಗಿನಿಂದ ಎಲ್ಲರ ಬಾಯಲ್ಲೂ ಅದು ಬರೀ ‘ಗಾಡಿ’. ಅದರ ಎರಡು ಚಕ್ರ ನೀರಿನಲ್ಲಿ, ಎರಡು ಆಕಾಶಕ್ಕೆ. ಸುತ್ತಮುತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

ತೋಟಗಾರ ಶೆಡ್ಡಿನ ಹಿಂದಿನ ತನ್ನ ಮನೆಯಿಂದ ಓಡಿ ಬಂದ. ಊಟದ ಕೈ ಇನ್ನೂ ತೊಳೆದಿರಲಿಲ್ಲ.

“ಗಾಡಿ ಎಲ್ಲಿ ಬಿಟ್ಟಿದ್ರಿ?” ಎಂದಳು ಆಕೆ.

“ಶೆಡ್ಡಿನ ಮುಂದೆ ಮೇಡಂ, ಸಮ ಜಾಗದಲ್ಲಿ. ಬ್ಲೇಡು ಬಂದ್ ಮಾಡಿ, ಬ್ರೇಕ್ ಹಾಕಿ, ಕೀ ತೆಗೆದು ನಿಮ್ಮ ಆಫೀಸಿನ ಮೊಳೆಗೆ ನೇತು ಹಾಕಿದೀನಿ. ಬೇಕಾದ್ರೆ ನೋಡಿ!”

ಆಕೆ ನೋಡಿದಳು. ಮೊಳೆ ಖಾಲಿ. ಕೀ ಗಾಡಿಯಲ್ಲೇ ಇತ್ತು.

ತೋಟಗಾರ ಇಳಿಜಾರಿಗೆ ಇಳಿದು ಹೋದ. ಗಾಡಿಯ ಹತ್ತಿರಕ್ಕೂ ಹೋಗಲಿಲ್ಲ. ನಡುವೆಯೇ ನಿಂತು ಹುಲ್ಲನ್ನು ನೋಡುತ್ತಾ ಇದ್ದುಬಿಟ್ಟ. ವಾಪಸು ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

“ನಂದೇ ತಪ್ಪು ಮೇಡಂ. ಕೀ ತೆಗೆದಿರ್ಲಿಲ್ಲ, ಬ್ರೇಕೂ ಹಾಕಿರ್ಲಿಲ್ಲ. ಅದಷ್ಟಕ್ಕೆ ಅದೇ ಉರುಳ್ಕೊಂಡು ಹೋಗಿದೆ.”

“ಈಗಿನ್ನೂ ಬೇರೆ ಹೇಳಿದ್ರಲ್ಲ?”

“ಹೆದರಿಕೆಗೆ ಹೇಳಿದೆ,” ಎಂದು ಅವನು ತಲೆ ತಗ್ಗಿಸಿದ.

ಸುದ್ದಿ ಆರೈಕೆ ಮನೆ ನಡೆಸುವ ಟ್ರಸ್ಟಿನ ಅಧ್ಯಕ್ಷರಿಗೆ ಮುಟ್ಟಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಫೋನಿನಲ್ಲಿ ಅವರ ಧ್ವನಿ ನಯವಾಗಿಯೇ ಇತ್ತು. ಅದು ಇನ್ನೂ ಭಯದ ವಿಷಯ. “ಒಬ್ಬ ಪೇಷಂಟಿನ ತಲೆ ಹೋಗ್ತಿತ್ತಮ್ಮ. ಅವನೇ ಒಪ್ಕೊಂಡಿದ್ದಾನಂತೆ. ಐದು ಗಂಟೆಯೊಳಗೆ ಅವನನ್ನ ಕೆಲಸದಿಂದ ತೆಗೆದ ಪತ್ರ, ನಿನ್ನ ಸಹಿಯೊಂದಿಗೆ ನನಗೆ ಬರಬೇಕು.”

ಕೆಲಸ ಹೋದರೆ ಶೆಡ್ಡಿನ ಹಿಂದಿನ ಎರಡು ಕೋಣೆಯ ಮನೆಯೂ ಹೋಗುತ್ತದೆ. ತೋಟಗಾರನ ಹೆಂಡತಿಗೆ ಈಗ ಎಂಟು ತಿಂಗಳು. ಮೇಲ್ವಿಚಾರಕಿ ಬಿಳಿ ಹಾಳೆ ಮುಂದಿಟ್ಟುಕೊಂಡು ಕೂತಳು. ಪೆನ್ನು ಮುಂದೆ ಹೋಗಲೊಲ್ಲದು.

“ಏನಮ್ಮಾ, ಗಾಡಿ ಈಜಕ್ಕೆ ಹೋಗಿದೆಯಂತೆ?”

ಬಾಗಿಲಲ್ಲಿ ಅವಳ ಮಾವ ನಿಂತಿದ್ದರು, ಮಂಡಿಗೆ ಬಿಸಿಶಾಖದ ಪಟ್ಟಿ ಸುತ್ತಿಕೊಂಡು. ವಾರಕ್ಕೆ ಮೂರು ದಿನ ಮಂಡಿನೋವಿಗೆ ವ್ಯಾಯಾಮ ಮಾಡಿಸಿಕೊಳ್ಳಲು ಅವರು ಇಲ್ಲಿಗೇ ಬರುತ್ತಿದ್ದರು. ಮೂವತ್ತನಾಲ್ಕು ವರ್ಷ ಕಾರ್ಖಾನೆಗಳ ಸುರಕ್ಷತಾ ಇನ್ಸ್‌ಪೆಕ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ತಪಾಸಣೆಗೆ ಉಳಿದದ್ದು ಸೊಸೆಯ ಅಡುಗೆಮನೆ ಒಂದೇ. ಮಲಗುವ ಮುಂಚೆ ಗ್ಯಾಸಿನ ನಾಬನ್ನು ಮೂರು ಸಲ ಮುಟ್ಟಿ ನೋಡುವರು. ಯಾರಾದರೂ ಸ್ಟೂಲು ಹತ್ತಿದರೆ ಇನ್ನೊಬ್ಬರು ಹಿಡಿದುಕೊಳ್ಳಲೇಬೇಕು. ಅವರ ಈ ಕಾಟಕ್ಕೆ ಆಕೆ ಎಷ್ಟೋ ಸಲ ಹಲ್ಲು ಕಚ್ಚಿದ್ದುಂಟು. ಇವತ್ತು ಅವರನ್ನು ಕಂಡು ಅಳು ಬಂದಂತಾಯಿತು.

ಆಕೆ ಎಲ್ಲ ಹೇಳಿದಳು. ಮಾವ ಮಧ್ಯೆ ಬಾಯಿ ಹಾಕದೆ ಕೇಳಿದರು.

“ಪತ್ರಕ್ಕೆ ಇನ್ನೂ ಎರಡು ಗಂಟೆ ಟೈಮಿದೆ. ನಡಿ, ಗಾಡಿ ನೋಡೋಣ.”

ಮಾವ ಗಾಡಿಯ ಹತ್ತಿರ ಹೋದವರೇ ಮೊದಲು ಕೀ ತೆಗೆದು ಜೇಬಿಗೆ ಹಾಕಿಕೊಂಡರು. ಕತ್ತರಿಸುವ ತಟ್ಟೆಯ ಕೆಳಗೆ ಇಣುಕಿದರು, ಕೈ ಮಾತ್ರ ಹಾಕಲಿಲ್ಲ. ಸೀಟನ್ನು ಒತ್ತಿ ಬಿಟ್ಟರು. ಬ್ಲೇಡಿನ ಗುಂಡಿ ನೋಡಿದರು.

“ತೋಟಗಾರ ಸುಳ್ಳು ಹೇಳ್ತಿದ್ದಾನೆ ಕಣಮ್ಮ.”

“ಯಾವುದು ಮಾವ? ಮೊದಲು ಹೇಳಿದ್ದೋ, ಆಮೇಲೆ ಹೇಳಿದ್ದೋ?”

“ಆಮೇಲೆ ಹೇಳಿದ್ದು. ಈ ಸೀಟಿನ ಕೆಳಗೆ ಒಂದು ಸ್ವಿಚ್ಚಿದೆ. ಬ್ಲೇಡು ತಿರುಗ್ತಿರುವಾಗ ಕೂತವರು ಎದ್ದರೆ ಇಂಜಿನ್ ಬಂದ್. ಗಾಡಿ ಅದಷ್ಟಕ್ಕೆ ಉರುಳಿದ್ರೆ ಬ್ಲೇಡು ತಿರುಗಲ್ಲ. ಬ್ಲೇಡು ತಿರುಗದೆ ಕಲ್ಲು ಕಿಟಕಿಗೆ ಹೇಗೆ ಹಾರುತ್ತೆ?”

“ಅಂದ್ರೆ—”

“ಕಲ್ಲು ಹಾರಿದಾಗ ಈ ಸೀಟಿನ ಮೇಲೆ ಯಾರೋ ಕೂತಿದ್ರು. ಯಾರು?”

ಮೇಲ್ವಿಚಾರಕಿಗೆ ತಟ್ಟನೆ ಹೊಳೆದದ್ದು ಆರೈಕೆ ಮನೆಯ ವ್ಯಾನ್ ಡ್ರೈವರ್. ಎರಡು ತಿಂಗಳ ಹಿಂದೆ ಅವನು ಕಾಂಪೌಂಡರನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಗಾಡಿಯಲ್ಲಿ ಮೆರವಣಿಗೆ ಹೊರಟಿದ್ದ. ಒಬ್ಬರೇ ಕೂರುವ ಗಾಡಿಯದು, ಬಿದ್ದರೆ ಬ್ಲೇಡಿನ ಬಾಯಿಗೇ ಎಂದು ತೋಟಗಾರ ಬಂದು ದೂರು ಕೊಟ್ಟಿದ್ದ. ಅಂದಿನಿಂದ ಡ್ರೈವರಿಗೂ ತೋಟಗಾರನಿಗೂ ಅಷ್ಟಕ್ಕಷ್ಟೆ.

ಡ್ರೈವರ್ ವ್ಯಾನಿನ ಪಕ್ಕ ಸಿಕ್ಕ. ಅವನ ಪ್ಯಾಂಟು ಮಂಡಿವರೆಗೆ ಒದ್ದೆಯಾಗಿತ್ತು.

“ಪ್ಯಾಂಟು ಯಾಕಪ್ಪಾ ನೆನೆದಿದೆ?” ಎಂದರು ಮಾವ.

“ವ್ಯಾನ್ ತೊಳೀತಿದ್ದೆ ಸಾರ್.”

“ಎರಡು ಗಂಟೆಗೆ?”

“ಆಗ್ಲೂ ಇಲ್ಲೇ ಇದ್ದೆ.”

“ಯಾರಾದ್ರೂ ನೋಡಿದಾರಾ?”

“ಮಲಗೋ ಹೊತ್ತಲ್ಲಿ ಯಾರು ನೋಡ್ತಾರೆ?” ಅವನ ಧ್ವನಿ ಏರಿತು. “ಆವತ್ತೊಂದಿನ ತಮಾಷೆಗೆ ಓಡಿಸ್ದೆ, ನಿಜ. ಅದಕ್ಕೆ ಇದನ್ನೂ ನನ್ನ ತಲೆಗೆ ಕಟ್ತೀರಾ?”

“ಗಾಡಿ ಓಡಿಸುವಾಗ ಹುಲ್ಲು ಕತ್ತರಿಸಿದ್ಯಾ?”

“ಹುಲ್ಲಾ? ನಾನ್ಯಾಕೆ ಸಾರ್ ಹುಲ್ಲು ಕತ್ತರಿಸ್ಲಿ? ಎರಡು ಸುತ್ತು ಹೊಡೆದೆ ಅಷ್ಟೇ!”

ಮಾವ ನಕ್ಕರು. ಅಷ್ಟು ಸಾಕು ಎನ್ನುವಂತೆ ತಲೆಯಾಡಿಸಿ ಹೊರಟರು.

ಜಗಲಿಯ ಬೆಂಚಿನ ಮೇಲೆ ಎಂದಿನಂತೆ ತಾತ ಕೂತಿದ್ದರು. ಹಳೆಯ ತೋಟಗಾರ ಅವರು. ಈ ಹುಲ್ಲುಹಾಸನ್ನು ಬೆಳೆಸಿ, ಕೈಯಲ್ಲಿ ತಳ್ಳುವ ಮಷಿನ್ನಿನಿಂದ ಕತ್ತರಿಸಿಕೊಂಡು ಬಂದವರೇ ಅವರು. ಈಗಿನ ತೋಟಗಾರನಿಗೆ ಕೆಲಸ ಕಲಿಸಿದವರೂ ಅವರೇ. ಗಾಡಿ ಬಂದ ತಿಂಗಳಲ್ಲೇ ನಿವೃತ್ತಿಯಾದರೂ, ಎರಡು ಬೀದಿ ಆಚೆಯ ಮಗಳ ಮನೆಯಿಂದ ದಿನಾ ಮಧ್ಯಾಹ್ನ ಬಂದು, ಗಾಡಿ ಓಡಾಡುವುದನ್ನು ನೋಡುತ್ತಾ ಸಂಜೆವರೆಗೆ ಕೂತಿರುತ್ತಿದ್ದರು. ಬಿಸಿಲು ಸುಡುತ್ತಿದ್ದರೂ ಇವತ್ತು ತುಂಬುತೋಳಿನ ಸ್ವೆಟರ್ ಹಾಕಿಕೊಂಡಿದ್ದರು. ಅಡುಗೆಯಾಕೆ ತಂದಿಟ್ಟ ಚಹಾವನ್ನು ಎಡಗೈಯಲ್ಲಿ ಹಿಡಿದು ನಿಧಾನ ಕುಡಿಯುತ್ತಿದ್ದರು.

“ಚಳೀನಾ ತಾತ?” ಎಂದಳು ಮೇಲ್ವಿಚಾರಕಿ.

“ವಯಸ್ಸಾಯ್ತಲ್ಲಮ್ಮ,” ಎಂದರು ತಾತ. ಅವಳ ಮುಖ ನೋಡದೆ, “ಅವನನ್ನ ಕೆಲಸ ಬಿಡಿಸ್ತಾರಂತೆ, ಹೌದಾ?” ಎಂದು ಕೇಳಿದರು.

ಮಾವ ಆಗಲೇ ಮತ್ತೆ ಇಳಿಜಾರಿಗೆ ಇಳಿದಿದ್ದರು. ತೋಟಗಾರನನ್ನು ಕೂಗಿ ಕರೆದರು. ಅವನು ಕಾಲೆಳೆಯುತ್ತಾ ಬಂದ.

“ಇಲ್ಲಿ ನೀನು ಹುಲ್ಲು ಹೇಗೆ ಕತ್ತರಿಸ್ತೀಯಪ್ಪಾ?”

“ಮೊದಲು ಬಕೆಟ್ ಹಿಡ್ಕೊಂಡು ಪೂರ್ತಿ ನಡೀತೀನಿ ಸಾರ್. ಕಲ್ಲು, ಕಡ್ಡಿ ಎಲ್ಲ ಆರಿಸ್ತೀನಿ. ಗಾಡಿ ತಣ್ಣಗಿರುವಾಗ ಆಯಿಲ್ಲು, ಪೆಟ್ರೋಲ್ ನೋಡ್ತೀನಿ. ಆಮೇಲೆ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ.”

“ಅಡ್ಡಡ್ಡ?”

ತೋಟಗಾರ ಇಲ್ಲವೆಂಬಂತೆ ತಲೆಯಾಡಿಸಿದ.

“ಅಡ್ಡಡ್ಡ ಯಾಕೆ ಓಡಿಸಲ್ಲ?”

“ಮಗುಚುತ್ತೆ ಸಾರ್.” ಆ ಮಾತು ಬಾಯಿಂದ ಬಂದ ಕೂಡಲೇ ಅವನು ತುಟಿ ಕಚ್ಚಿಕೊಂಡ.

“ಇವತ್ತು ಬೆಳಿಗ್ಗೆ ಎಲ್ಲಿವರೆಗೆ ಕಲ್ಲು ಆರಿಸಿದ್ದೆ?”

“ಆ ಮರದವರೆಗೆ. ಈ ಕಡೇದು ಸಂಜೆಗೆ ಇಟ್ಕೊಂಡಿದ್ದೆ.”

ಮಾವ ಸೊಸೆಯ ಕಡೆ ತಿರುಗಿದರು. “ಈಗ ಹುಲ್ಲು ನೋಡಮ್ಮ.”

ಆಕೆ ನೋಡಿದಳು. ಅಲ್ಲಿವರೆಗೆ ನೂರು ಸಲ ಕಣ್ಣು ಹಾಯಿಸಿದ್ದ ಹುಲ್ಲೇ ಅದು. ಮರದ ಆಚೆ ಪಟ್ಟೆಗಳು ಮೇಲಿಂದ ಕೆಳಕ್ಕೆ ಇಳಿದಿದ್ದವು. ಈಚೆ ಮಾತ್ರ, ಬೆಳೆದ ಹುಲ್ಲಿನ ನಡುವೆ ಬೇರೆಯೇ ಪಟ್ಟೆಗಳು, ಇಳಿಜಾರಿಗೆ ಅಡ್ಡವಾಗಿ. ಒಂದು ಪೂರ್ತಿ, ಅದರ ಕೆಳಗೆ ಇನ್ನೊಂದು ಪೂರ್ತಿ. ಮೂರನೆಯದು ಅರ್ಧಕ್ಕೇ, ಒಂದು ಬೇರಿನ ಗಂಟಿನ ಹತ್ತಿರ, ನಿಂತುಹೋಗಿತ್ತು. ಅಲ್ಲಿಂದ ಮುಂದೆ ಕೊಳದವರೆಗೆ ಮಣ್ಣು ಕಿತ್ತ ಗುರುತು.

“ಎರಡೂವರೆ ಪಟ್ಟೆ,” ಎಂದರು ಮಾವ. “ಗೆರೆ ಎಳೆದ ಹಾಗಿದೆ. ಒಂದರ ಅಂಚಿನ ಮೇಲೆ ಇನ್ನೊಂದು ನಾಲ್ಕು ಬೆರಳು ಹತ್ತಿದೆ, ನಡುವೆ ಒಂದು ಎಸಳೂ ಬಿಟ್ಟಿಲ್ಲ. ಡ್ರೈವರಿಗೆ ಇದು ಬರುತ್ತಾ? ಅವನಾಗಿದ್ರೆ ಇಲ್ಲಿ ಸುತ್ತು ಕಾಣಿಸ್ತಿತ್ತು. ಇದು ಹುಲ್ಲು ಬಲ್ಲವರ ಕೈ. ಆದ್ರೆ ಈ ಗಾಡಿ ಗೊತ್ತಿಲ್ಲದವರದು.”

“ಹುಲ್ಲು ಬಲ್ಲವರು ಅಡ್ಡ ಯಾಕೆ ಓಡಿಸ್ತಾರೆ ಮಾವ?”

“ತಳ್ಳೋ ಮಷಿನ್ ಆದ್ರೆ ಅಡ್ಡಾನೇ ಹೋಗಬೇಕು ಕಣಮ್ಮ! ಮೇಲೆ ಕೆಳಗೆ ಹೋದ್ರೆ ಕಾಲು ಜಾರಿ ಮಷಿನ್ನು ಪಾದದ ಮೇಲೇ ಬರುತ್ತೆ. ಕೂತು ಓಡಿಸೋದಕ್ಕೆ ಇದು ಪೂರಾ ಉಲ್ಟಾ. ಅಡ್ಡ ಹೋದ್ರೆ ಭಾರ ಒಂದೇ ಪಕ್ಕಕ್ಕೆ ಬೀಳುತ್ತೆ. ಮೇಲಿನ ಚಕ್ರ ಒಂದು ಬೇರು ಹತ್ತಿದ್ರೆ ಮುಗೀತು. ಇನ್ನು ಕಲ್ಲು. ಕೈಯಲ್ಲಿ ತಳ್ಳೋ ಹಳೇ ಮಷಿನ್ನಿಗೆ ಕಲ್ಲು ಸಿಕ್ಕರೆ ಏನಾಗುತ್ತೆ? ಕಟಕ್ ಅಂತ ನಿಲ್ಲುತ್ತೆ, ಅಷ್ಟೇ. ಈ ಗಾಡಿ ಬಲಗಡೆಯಿಂದ ಹುಲ್ಲು ಎಸೆಯುತ್ತೆ. ಕೊನೇ ಪಟ್ಟೆಯಲ್ಲಿ ಬಲಗಡೆ ಇದ್ದದ್ದು ನಿಮ್ಮ ಕಿಟಕಿ. ಗಾಜಿನ ಸದ್ದಿಗೆ ಓಡಿಸೋರು ಬೆಚ್ಚಿಬಿದ್ರು, ಬೇರು ನೋಡ್ಲಿಲ್ಲ. ಗಾಡಿ ವಾಲಿದಾಗ ಮೇಲಿನ ಪಕ್ಕಕ್ಕೆ ಹಾರಿಕೊಂಡ್ರು. ಪುಣ್ಯ. ಕೆಳಗಿನ ಪಕ್ಕಕ್ಕೆ ಹಾರಿದ್ರೆ ನಾವು ಪತ್ರ ಬರೀತಿರಲಿಲ್ಲ, ಹೆಣ ಎತ್ತುತ್ತಿದ್ವಿ.”

ಮೇಲ್ವಿಚಾರಕಿ ತಿರುಗಿ ಜಗಲಿಯ ಕಡೆ ನೋಡಿದಳು. ತಳ್ಳುವ ಮಷಿನ್ನಿನಲ್ಲಿ ಈ ಇಳಿಜಾರನ್ನು ಅಡ್ಡಡ್ಡ ನಡೆದವರು ಈ ಜಾಗದಲ್ಲಿ ಒಬ್ಬರೇ.

“ನೀನು ಕೀ ವಿಷಯದಲ್ಲಿ ಮೊದಲು ನಿಜಾನೇ ಹೇಳಿದ್ದೆ,” ಎಂದು ಮಾವ ತೋಟಗಾರನಿಗೆ ಹೇಳಿದರು. “ಈ ಪಟ್ಟೆ ಕಂಡ ಮೇಲೆ ಮಾತು ತಿರುಗಿಸಿದೆ. ಯಾರ ಕೈ ಅಂತ ನೋಡಿದ ಕೂಡಲೇ ಗೊತ್ತಾಯ್ತು ನಿನಗೆ. ಗಾಡಿ ಕೊಳಕ್ಕೆ ಹಾಕಿದ್ದು ತಾತ.”

ತೋಟಗಾರನ ಕಣ್ಣು ತುಂಬಿತು. “ನಂಗೆ ಹುಲ್ಲು ಹಿಡಿಯೋದು ಕಲಿಸಿದ್ದೇ ಅವರು ಸಾರ್. ಅಧ್ಯಕ್ಷರಿಗೆ ಗೊತ್ತಾದ್ರೆ ಗೇಟಿನ ಒಳಗೇ ಬಿಡಲ್ಲ. ಇಲ್ಲಿಗೆ ಬರೋದು ನಿಂತರೆ ಅವರು ಉಳಿಯಲ್ಲ. ನಾನಾದ್ರೆ ಎಲ್ಲಾದ್ರೂ ಬದುಕ್ಕೋತೀನಿ.”

“ಎಂಟು ತಿಂಗಳ ಹೆಂಡತಿ ಕಟ್ಕೊಂಡು ಎಲ್ಲಿ ಬದುಕ್ತೀರಿ?” ಎಂದು ಮೇಲ್ವಿಚಾರಕಿ ಗದರಿದಳು. ಗದರಿದ ಮೇಲೆ ತನಗೇ ಅಳು ಬಂತು.

ಮೂವರೂ ಜಗಲಿಗೆ ಬಂದರು. ಮಾವ ತಾತನ ಪಕ್ಕ ಕೂತು ಸ್ವೆಟರಿನ ಬಲತೋಳನ್ನು ಮೆಲ್ಲಗೆ ಮೇಲೆ ಸರಿಸಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ತರಚಿ ಹೋಗಿತ್ತು. ಗಾಯಕ್ಕೆ ಹುಲ್ಲಿನ ಎಸಳು ಅಂಟಿಕೊಂಡು ಒಣಗಿತ್ತು.

“ನಾನೇ ಹೋಗಿ ಹೇಳಬೇಕು ಅಂತಾನೇ ಕೂತಿದ್ದೆ,” ಎಂದರು ತಾತ. “ಕಾಲು ಏಳಲಿಲ್ಲ. ಒಂದು ವರ್ಷದಿಂದ ನೋಡ್ತಿದ್ದೀನಿ. ಕೂತು, ಬ್ರೇಕ್ ಒತ್ತಿ, ಕೀ ತಿರುಗಿಸೋದು. ಅಷ್ಟೇ ತಾನೇ ಅನ್ಕೊಂಡೆ. ಆಫೀಸಿನಲ್ಲಿ ಯಾರೂ ಇರ್ಲಿಲ್ಲ, ಕೀ ಕಣ್ಣ ಮುಂದೇನೇ ನೇತಾಡ್ತಿತ್ತು. ಒಂದೇ ಒಂದು ಸಲ ಅನ್ನಿಸ್ತು. ಬಿದ್ದ ಮೇಲೆ ಮರದ ಮರೆಯಲ್ಲೇ ಮಗಳ ಮನೆಗೆ ಹೋಗಿ ಸ್ವೆಟರ್ ಹಾಕ್ಕೊಂಡು ಬಂದೆ.” ಅವರು ಕಿಟಕಿಯ ಕಡೆ ನೋಡಿದರು. “ಆ ಅಮ್ಮನಿಗೆ ಏನೂ ಆಗ್ಲಿಲ್ಲವಲ್ಲ?”

“ಆಗ್ಲಿಲ್ಲ,” ಎಂದಳು ಮೇಲ್ವಿಚಾರಕಿ. ಗಾಡಿ ತಂದವರು ಅದನ್ನು ಓಡಿಸುವುದು ಹೇಗೆಂದು ಹೇಳಿಕೊಟ್ಟ ದಿನ ಆಕೆಗೆ ನೆನಪಾಯಿತು. ಅವತ್ತು ತಾತನೂ ಬಂದು ಹಿಂದೆ ನಿಂತಿದ್ದರು. ‘ನಿಮಗ್ಯಾಕೆ ತಾತ ಇದೆಲ್ಲ, ಆರಾಮಾಗಿ ಕೂತ್ಕೊಳ್ಳಿ’ ಎಂದು ಬೆಂಚು ತೋರಿಸಿ ಕಳಿಸಿದವಳು ತಾನೇ. ಒಳ್ಳೆಯದಕ್ಕೇ ಹೇಳಿದ್ದಳು. ಆದರೆ ಅವರ ಮುಖ ನೋಡಿರಲಿಲ್ಲ.

ನರ್ಸ್ ಬಂದು ಗಾಯ ತೊಳೆಯತೊಡಗಿದಳು. ಮೇಲ್ವಿಚಾರಕಿ ಆಫೀಸಿಗೆ ಹೋಗಿ ಬಿಳಿ ಹಾಳೆಯಲ್ಲಿ ಒಂದೇ ಉಸಿರಿಗೆ ಬರೆದಳು. ನಡೆದದ್ದನ್ನು ನಡೆದ ಹಾಗೆ. ಗಾಡಿಯ ಕೀಯನ್ನು ಎಲ್ಲರ ಕೈಗೆ ಸಿಗುವಂತೆ ಮೊಳೆಗೆ ನೇತು ಹಾಕಿಸಿದ್ದು ತನ್ನ ತಪ್ಪು; ಇಂದಿನಿಂದ ಅದು ಬೀಗದ ಪೆಟ್ಟಿಗೆಯಲ್ಲಿರುತ್ತದೆ. ತೋಟಗಾರನ ತಪ್ಪು ಎಳ್ಳಷ್ಟೂ ಇಲ್ಲ. ಗಾಡಿ ಹೊರಡುವ ಮುನ್ನ ನೆಲ ನೋಡಿ ಕಲ್ಲು ಆರಿಸಲು ಪಳಗಿದ ಕಣ್ಣು ಬೇಕು. ಆ ಕೆಲಸಕ್ಕೆ ಹಳೆಯ ತೋಟಗಾರರನ್ನು ದಿನಾ ಬರಹೇಳಿದ್ದೇನೆ. ಯಾರನ್ನಾದರೂ ತೆಗೆಯಲೇಬೇಕೆಂದಿದ್ದರೆ ಕೆಳಗೆ ಸಹಿ ಹಾಕಿದವಳನ್ನು ತೆಗೆಯಬಹುದು.

ಮಾವ ಅದನ್ನು ಓದಿ ಕನ್ನಡಕ ತೆಗೆದರು. “ಗಟ್ಟಿ ಇದ್ದೀಯ ಕಣಮ್ಮ,” ಎಂದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲನೆಯ ಶಭಾಸ್‌ಗಿರಿ ಅದು.

ನಾಲ್ಕು ಮುಕ್ಕಾಲಿಗೆ ಆಕೆ ಪತ್ರವನ್ನು ಡ್ರೈವರಿನ ಕೈಯಲ್ಲಿ ಅಧ್ಯಕ್ಷರಿಗೆ ಕಳಿಸಿದಳು. ಆಮೇಲೆ ಜಗಲಿಗೆ ಬಂದು ತಾತನಿಗೆ ನಾಳೆಯ ಕೆಲಸ ಹೇಳಿದಳು. ತಾತ ತಲೆಯಾಡಿಸಿದರು. ಕೈಗೆ ಬಿಳಿ ಬ್ಯಾಂಡೇಜು ಸುತ್ತಿಸಿಕೊಂಡು ಇಳಿಜಾರನ್ನೇ ನೋಡುತ್ತಿದ್ದರು. ಕಣ್ಣು ಅಷ್ಟು ದೂರಕ್ಕೆ ಈಗ ಹತ್ತುತ್ತಿರಲಿಲ್ಲ.

“ಒಂದು ಕೇಳ್ಲಾ ಸಾರ್?” ಎಂದರು ಮಾವನಿಗೆ. “ಪಟ್ಟೆ ನೆಟ್ಟಗಿತ್ತಾ?”

“ದಾರ ಹಿಡಿದ ಹಾಗಿತ್ತು,” ಎಂದರು ಮಾವ. “ಸ್ವಲ್ಪ ಸೊಟ್ಟ ಇದ್ದಿದ್ರೆ ನೀವು ಅಂತ ನನಗೆ ಗೊತ್ತೇ ಆಗ್ತಿರಲಿಲ್ಲ.”